ಹಳೆ ಕಾರಿನ ಸ್ಟಿಯರಿಂಗ್ ಎಳೆಯುತ್ತಿದೆಯಾ? ಅಲೈನ್‌ಮೆಂಟ್‌ಗೆ ಹೋಗುವ ಮೊದಲು ಇಷ್ಟು ನೋಡಿ

ಕಾಸರಗೋಡಿನ ಕಡೆ ಕಾರು ಎಡಕ್ಕೆ ಎಳೆದರೂ ಸರಿ, ಸ್ಟಿಯರಿಂಗ್ ನಡುಗಿದರೂ ಸರಿ, ಎಲ್ಲದಕ್ಕೂ ಒಂದೇ ಮದ್ದು ಹೇಳುತ್ತಾರೆ. ಅಲೈನ್‌ಮೆಂಟ್ ಮಾಡಿಸಿ. ಹೊಸ ಕಾರಿಗೆ ಅದು ಆದೀತು. ಹದಿನೈದು ವರ್ಷ ದಾಟಿ, ರೀ-ರಿಜಿಸ್ಟ್ರೇಷನ್ ಮಾಡಿಸಿಕೊಂಡು ಇನ್ನೂ ಓಡುತ್ತಿರುವ ಕೆಎಲ್ 14 ನಂಬರಿನ ಮಾರುತಿ 800, ಆಲ್ಟೊ, ಝೆನ್, ಸ್ಯಾಂಟ್ರೊಗಳಿಗೆ ಅಷ್ಟು ಸಾಲದು. ಅಲೈನ್‌ಮೆಂಟ್ ಮೆಷಿನ್ ಚಕ್ರ ಯಾವ ಕೋನದಲ್ಲಿ ನಿಂತಿದೆ ಅಂತ ಅಳೆಯುತ್ತದೆ, ಅಷ್ಟೇ. ಕೆಳಗಿನ ಜಾಯಿಂಟುಗಳು ಲೂಸ್ ಆಗಿದ್ದರೆ ಮೆಷಿನ್ ಮೇಲೆ ಒಂದು ಕೋನ, ಮೊದಲ ಹಂಪ್ ದಾಟಿದ ಮೇಲೆ ಇನ್ನೊಂದು ಕೋನ. ದುಡ್ಡು ದಂಡ. ಅದಕ್ಕೇ ಮೊದಲು ಟಯರ್, ಆಮೇಲೆ ಬ್ರೇಕ್, ಆಮೇಲೆ ಜಾಯಿಂಟ್, ಕೊನೆಗೆ ಅಲೈನ್‌ಮೆಂಟ್.

ಮೊದಲು ಕಾರು ಏನು ಮಾಡುತ್ತಿದೆ ಅಂತ ಸರಿಯಾಗಿ ಗಮನಿಸಿ. ಕಾರು ಒಂದು ಕಡೆಗೆ ಎಳೆಯುವುದು ಬೇರೆ, ಕಾರು ನೇರ ಹೋಗುತ್ತಿದ್ದರೂ ಸ್ಟಿಯರಿಂಗ್ ಓರೆಯಾಗಿ ನಿಲ್ಲುವುದು ಬೇರೆ. ನಡುಗುವುದು ಬೇರೆ, ತಿರುಗಿಸಿದ ಮೇಲೆ ತಾನಾಗಿ ವಾಪಸ್ ಬಾರದೆ ಇರುವುದು ಬೇರೆ. "ಸ್ಟಿಯರಿಂಗ್ ಸರಿ ಇಲ್ಲ" ಅಂತ ಹೇಳಿ ಕೀ ಕೊಟ್ಟು ಬಂದರೆ ಮೆಕ್ಯಾನಿಕ್ ಕೂಡ ಅಂದಾಜಿನಲ್ಲೇ ಕೈ ಹಾಕುತ್ತಾನೆ. ಎಷ್ಟು ಸ್ಪೀಡಿನಲ್ಲಿ, ಬ್ರೇಕ್ ಹಾಕಿದಾಗಲಾ ಹಾಕದಾಗಲಾ, ತಿರುವಿನಲ್ಲಾ ನೇರ ರಸ್ತೆಯಲ್ಲಾ, ಇಷ್ಟನ್ನು ನೋಡಿಕೊಂಡು ಹೋದರೆ ಅರ್ಧ ಕೆಲಸ ಮುಗಿಯಿತು.

ಇನ್ನೊಂದು ವಿಷಯ, ರಸ್ತೆ. ಮಳೆನೀರು ಹರಿದುಹೋಗಲಿ ಅಂತ ರಸ್ತೆಯನ್ನು ನಡುವಿನಲ್ಲಿ ಎತ್ತರ ಮಾಡಿ ಎರಡೂ ಬದಿಗೆ ಇಳಿಜಾರು ಕೊಟ್ಟಿರುತ್ತಾರೆ. ನಾವು ಎಡಗಡೆ ಓಡಿಸುವವರು, ಹಾಗಾಗಿ ಯಾವ ಕಾರಾದರೂ ಸ್ವಲ್ಪ ಎಡಕ್ಕೆ ಜಾರುವುದು ಸಹಜ. ಚೆರ್ಕಳದಿಂದ ಬದಿಯಡ್ಕ, ಪೆರ್ಲ ಕಡೆಗೆ ಹೋಗುವ ದಾರಿಯಂಥ ತಿರುವು-ಇಳಿಜಾರಿನ ರಸ್ತೆಯಲ್ಲಿ ಪರೀಕ್ಷೆ ಮಾಡಿ ಕಾರಿಗೆ ದೋಷ ಕಟ್ಟಬೇಡಿ. ಪದವಿನ (ಗುಡ್ಡದ ಮೇಲಿನ ಬಯಲಿನ) ಮೇಲೆ ಸಮತಟ್ಟಾದ, ಖಾಲಿ ರಸ್ತೆ ಸಿಕ್ಕರೆ ಒಳ್ಳೆಯದು. ಕೈ ಪೂರ್ತಿ ಬಿಡಬೇಡಿ, ಬೆರಳು ತಾಗಿಸಿಕೊಂಡೇ ಇರಿ. ಅದೇ ರಸ್ತೆಯಲ್ಲಿ ವಾಪಸ್ ಬರುವಾಗಲೂ ಅದೇ ಕಡೆಗೆ, ಅಷ್ಟೇ ಜೋರಾಗಿ ಎಳೆಯುತ್ತಿದೆಯಾ ನೋಡಿ. ಬಲಕ್ಕೆ ಎಳೆಯುತ್ತಿದ್ದರಂತೂ ಅದು ಕಾರಿನದ್ದೇ ತೊಂದರೆ, ರಸ್ತೆಯ ಮೇಲೆ ಹಾಕುವಂತಿಲ್ಲ.

ಈಗ ಟಯರ್. ಗಾಳಿಯನ್ನು ಬೆಳಿಗ್ಗೆ, ಕಾರು ಓಡುವ ಮೊದಲು ನೋಡಬೇಕು. ಎಷ್ಟು ಬೇಕು ಅಂತ ಡ್ರೈವರ್ ಬಾಗಿಲಿನ ಹತ್ತಿರದ ಸ್ಟಿಕ್ಕರ್‌ನಲ್ಲೋ ಮ್ಯಾನುಯಲ್‌ನಲ್ಲೋ ಇರುತ್ತದೆ. ಮುಂದಿನ ಎರಡು ಟಯರ್‌ಗಳ ನಡುವೆ ನಾಲ್ಕೈದು ಪಿಎಸ್‌ಐ ವ್ಯತ್ಯಾಸ ಇದ್ದರೆ ಸಾಕು, ಕಮ್ಮಿ ಇರುವ ಕಡೆಗೆ ಕಾರು ಎಳೆಯುತ್ತದೆ. ಆಮೇಲೆ ಸವೆತ ನೋಡಿ. ಎರಡೂ ಅಂಚು ಸವೆದು ನಡು ಉಳಿದಿದ್ದರೆ ಗಾಳಿ ಕಮ್ಮಿ ಇಟ್ಟು ಓಡಿಸಿದ್ದಾರೆ. ನಡು ಮಾತ್ರ ಸವೆದಿದ್ದರೆ ಗಾಳಿ ಜಾಸ್ತಿ. ಒಳ ಅಂಚೋ ಹೊರ ಅಂಚೋ ಒಂದೇ ನಯವಾಗಿ ಸವೆದಿದ್ದರೆ ಕ್ಯಾಂಬರ್ (ಚಕ್ರದ ಮೇಲ್ತುದಿ ಒಳಕ್ಕೋ ಹೊರಕ್ಕೋ ವಾಲಿರುವುದು) ಮೇಲೆ ಅನುಮಾನ ಪಡಬೇಕು. ಟೋ, ಅಂದರೆ ಚಕ್ರಗಳು ಒಳಕ್ಕೋ ಹೊರಕ್ಕೋ ಮುಖ ಮಾಡಿ ನಿಂತಿರುವುದು, ತಪ್ಪಿದೆಯಾ ಅಂತ ನೋಡಲು ಕೈಯೇ ಸಾಕು. ಅಂಗೈಯನ್ನು ಟಯರ್‌ನ ಅಡ್ಡಕ್ಕೆ ಹೊರಗಿನಿಂದ ಒಳಕ್ಕೆ ಸವರಿ, ಮತ್ತೆ ಒಳಗಿನಿಂದ ಹೊರಕ್ಕೆ. ಒಂದು ಕಡೆ ಸವರುವಾಗ ನಯ, ಇನ್ನೊಂದು ಕಡೆ ಗರಗಸದ ಹಾಗೆ ಚುಚ್ಚಿದರೆ ಟೋ ಹೋಗಿದೆ. ಅಲ್ಲಲ್ಲಿ ಗುಳಿ ಬಿದ್ದ ಹಾಗೆ ಸವೆದಿದ್ದರೆ ಶಾಕ್ ಅಬ್ಸಾರ್ಬರ್ ಅಥವಾ ಬ್ಯಾಲೆನ್ಸಿಂಗ್ (ಚಕ್ರದ ಸುತ್ತಲೂ ತೂಕ ಸಮ ಇರುವುದು) ಕಡೆ ನೋಡಿ.

ಟಯರ್‌ನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ. 2318 ಅಂದರೆ 2018ರ 23ನೇ ವಾರದಲ್ಲಿ ತಯಾರಾದದ್ದು. ಹಳೆ ಕಾರು ಜಾಸ್ತಿ ಓಡುವುದಿಲ್ಲ, ಹಾಗಾಗಿ ಟಯರ್ ಮೇಲಿನ ಗುಂಡಿ (ಟ್ರೆಡ್) ಸವೆಯುವ ಮೊದಲೇ ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತದೆ. ಟಯರೇ ಎಳೆಯುತ್ತಿದೆಯಾ ಅಂತ ತಿಳಿಯಬೇಕಾದರೆ ಮುಂದಿನ ಎರಡು ಚಕ್ರಗಳನ್ನು ಎಡ-ಬಲ ಅದಲು ಬದಲು ಮಾಡಿ. ಎಳೆತವೂ ದಿಕ್ಕು ಬದಲಿಸಿದರೆ ಟಯರ್‌ನದ್ದೇ ದೋಷ, ಅಲೈನ್‌ಮೆಂಟ್ ಎಷ್ಟು ಸಲ ಮಾಡಿಸಿದರೂ ಹೋಗುವುದಿಲ್ಲ. ತಿರುಗುವ ದಿಕ್ಕಿನ ಬಾಣದ ಗುರುತು ಇರುವ ಟಯರ್‌ಗೆ ಮಾತ್ರ ಈ ಅದಲು ಬದಲು ಬೇಡ.

ನಡುಕದ ಬಗ್ಗೆ ಒಂದು ಮಾತು. ಅರವತ್ತು-ಎಂಬತ್ತರ ನಡುವೆ ಸ್ಟಿಯರಿಂಗ್ ನಡುಗಿ, ಸ್ಪೀಡ್ ಏರಿದಾಗಲೋ ಇಳಿದಾಗಲೋ ನಿಂತುಹೋದರೆ ಅದು ಸಾಮಾನ್ಯವಾಗಿ ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಅಲ್ಲ. ಆದರೆ ಮಳೆಗಾಲದಲ್ಲಿ ದುಡ್ಡು ಕೊಡುವ ಮೊದಲು ಚಕ್ರ ಬಿಚ್ಚಿ ರಿಮ್‌ನ ಒಳಬದಿ ನೋಡಿ. ತೋಟದ ದಾರಿಯ ಕೆಂಪು ಮಣ್ಣು ಅಲ್ಲಿ ಮೆತ್ತಿಕೊಂಡು ಒಣಗಿ ಕುಳಿತಿರುತ್ತದೆ, ಒಂದು ಮುಷ್ಟಿ ಮಣ್ಣು ಸಾಕು ಸ್ಟಿಯರಿಂಗ್ ಕುಣಿಯಲು. ಪೈಪ್ ಹಿಡಿದು ತೊಳೆದರೆ ನಡುಕ ಹೋದರೂ ಹೋಯಿತು. ಬ್ರೇಕ್ ಹಾಕಿದಾಗ ಮಾತ್ರ ನಡುಗಿದರೆ ಡಿಸ್ಕ್ ನೋಡಬೇಕು.

ಬ್ರೇಕ್ ಹಾಕಿದಾಗ ಮಾತ್ರ ಒಂದು ಕಡೆ ಎಳೆದರೂ ಅಷ್ಟೇ, ಅದು ಬ್ರೇಕ್‌ನ ಕೆಲಸ. ಬ್ರೇಕ್ ಹಾಕದೇ ಇರುವಾಗಲೂ ಎಳೆಯುತ್ತಿದ್ದರೆ ಬ್ರೇಕ್ ಹಿಡಿದುಕೊಂಡೇ ಇರಬಹುದು. ಉಪ್ಪಳ, ಕುಂಬಳೆಯಂಥ ಕಡಲ ಬದಿಯ ಊರಲ್ಲಿ ನಿಲ್ಲುವ ಕಾರುಗಳಲ್ಲಿ ಬ್ರೇಕ್ ಪ್ಯಾಡ್ ಒತ್ತುವ ಕ್ಯಾಲಿಪರ್‌ನ ಪಿನ್ ತುಕ್ಕು ಹಿಡಿದು ಜಾಮ್ ಆಗುವುದು ಸಾಮಾನ್ಯ. ಆದಷ್ಟು ಕಮ್ಮಿ ಬ್ರೇಕ್ ಬಳಸಿ ಸ್ವಲ್ಪ ದೂರ ಓಡಿಸಿ, ನಿಲ್ಲಿಸಿ, ಎರಡೂ ರಿಮ್ ಹತ್ತಿರ ಕೈ ಹಿಡಿದು ನೋಡಿ. ಡಿಸ್ಕ್ ಮುಟ್ಟಬೇಡಿ, ಸುಡುತ್ತದೆ. ಒಂದು ಕಡೆ ಮಾತ್ರ ಬಿಸಿ ಹೊಡೆದರೆ ಅಲ್ಲೇ ತೊಂದರೆ.

ಇನ್ನು ಜಾಯಿಂಟುಗಳು. ಹಳೆ ಕಾರಿನಲ್ಲಿ ನಿಜವಾದ ಕಥೆ ಇಲ್ಲೇ ಇರುತ್ತದೆ.

ಸಮತಟ್ಟು ಗಟ್ಟಿ ನೆಲದಲ್ಲಿ ಕಾರು ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಕ್ಕೆ ಅಡ್ಡ ಕೊಡಿ. ಜಾಕಿ ಒಂದನ್ನೇ ನಂಬಿ ಅಡಿಗೆ ಹೋಗಬೇಡಿ, ಸ್ಟ್ಯಾಂಡ್ ಇಡಿ. ನಮ್ಮಲ್ಲಿ ಅಂಗಳದಲ್ಲಿ ಬಿದ್ದಿರುವ ಮುರಕಲ್ಲು (ಕೆಂಪುಕಲ್ಲು) ಕೊಟ್ಟು ನಿಲ್ಲಿಸುವ ಅಭ್ಯಾಸ ಇದೆ, ದಯವಿಟ್ಟು ಬೇಡ. ಅದು ಗೋಡೆ ಕಟ್ಟಲು ಸರಿ, ಜಾಕಿ ಹಾಕುವ ಜಾಗದಲ್ಲಿ ಭಾರ ಒಂದೇ ಬಿಂದುವಿನ ಮೇಲೆ ಬಿದ್ದಾಗ ಗೊತ್ತಾಗದ ಹಾಗೆ ಒಡೆದುಹೋಗುತ್ತದೆ. ಸ್ಟೆಪ್ನಿಯನ್ನೂ ತೆಗೆದು ಬಾಡಿಯ ಅಡಿಗೆ ತಳ್ಳಿಡಿ.

ಮುಂದಿನ ಒಂದು ಚಕ್ರ ಎತ್ತಿ ಮೇಲೆ-ಕೆಳಗೆ ಹಿಡಿದು ಅಲ್ಲಾಡಿಸಿ. ಟಕ್ ಅಂದರೆ ವೀಲ್ ಬೇರಿಂಗ್ ಇರಬಹುದು, ಚಕ್ರದ ಭಾಗವನ್ನು ಅಡಿಯ ಆರ್ಮ್‌ಗೆ ಸೇರಿಸುವ ಬಾಲ್ ಜಾಯಿಂಟ್ ಇರಬಹುದು. ಯಾವುದು ಅಂತ ತಿಳಿಯಲು ಇನ್ನೊಬ್ಬರನ್ನು ಕೂರಿಸಿ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲ್ಲಾಡಿಸಿ. ಪ್ಲೇ (ಲೂಸ್ ಆಡುವುದು) ಮಾಯವಾದರೆ ಬೇರಿಂಗ್, ಹಾಗೇ ಉಳಿದರೆ ಬಾಲ್ ಜಾಯಿಂಟ್ ಕಡೆ ನೋಡಿ. ಈಗ ಎಡ-ಬಲ ಹಿಡಿದು ಅಲ್ಲಾಡಿಸಿ. ಇಲ್ಲಿ ಮಾತ್ರ ಪ್ಲೇ ಸಿಕ್ಕರೆ ಚಕ್ರ ತಿರುಗಿಸುವ ರಾಡಿನ ತುದಿಗಳು, ಅಂದರೆ ಚಕ್ರದ ಕಡೆಯ ಟೈ ರಾಡ್ ಎಂಡ್ ಅಥವಾ ಸ್ಟಿಯರಿಂಗ್ ಪೆಟ್ಟಿಗೆಯ ಕಡೆಯ ರ‍್ಯಾಕ್ ಎಂಡ್.

ಇದಕ್ಕಿಂತ ಚೆನ್ನಾಗಿ ದೋಷ ಹಿಡಿಯುವ ಪರೀಕ್ಷೆ ಒಂದಿದೆ, ಚಕ್ರ ನೆಲದ ಮೇಲೇ ಇರಲಿ. ಒಬ್ಬರು ಸ್ಟಿಯರಿಂಗನ್ನು ಸ್ವಲ್ಪವೇ ಎಡ-ಬಲ ಆಡಿಸುತ್ತಾ ಇರಲಿ, ಇನ್ನೊಬ್ಬರು ಬದಿಯಿಂದ ಕೈ ಹಾಕಿ ಒಂದೊಂದೇ ಜಾಯಿಂಟ್ ಮೇಲೆ ಬೆರಳಿಟ್ಟು ನೋಡಲಿ. ಸವೆದ ಜಾಯಿಂಟ್ ಬೆರಳಿಗೆ ಕುಟ್ಟುತ್ತದೆ. ರಾಡ್ ಅಲ್ಲಾಡಿ ಚಕ್ರ ಅಲ್ಲಾಡದಿದ್ದರೆ ಅವೆರಡರ ನಡುವಿನ ಜಾಯಿಂಟೇ ಹೋಗಿದೆ. ಸ್ಟಿಯರಿಂಗ್ ಅಲ್ಲಾಡಿ ರಾಡೇ ಅಲ್ಲಾಡದಿದ್ದರೆ ಮೇಲೆ, ಅಂದರೆ ಸ್ಟಿಯರಿಂಗ್ ಕಂಬದ (ಕಾಲಂ) ಕೆಳಗಿನ ಕ್ರಾಸ್ ಜಾಯಿಂಟ್ ಅಥವಾ ರ‍್ಯಾಕ್ ಒಳಗೆ. ಸ್ಟಿಯರಿಂಗ್ ರಿಮ್‌ನಲ್ಲಿ ಒಂದು ಇಂಚಿಗಿಂತ ಜಾಸ್ತಿ ಸುಮ್ನೆ ತಿರುಗಿದರೆ ಅಲಕ್ಷ್ಯ ಮಾಡಬೇಡಿ. ಹಾಗೇ ರ‍್ಯಾಕ್‌ನ ಎರಡೂ ತುದಿಯ ರಬ್ಬರ್ ಬೂಟ್ ನೋಡಿ. ಹರಿದಿದ್ದರೆ ಒಂದೇ ಮಳೆಗಾಲಕ್ಕೆ ಕೆಸರು ನೀರು ಒಳಗೆ ಹೋಗಿ ರ‍್ಯಾಕ್ ತಿಂದುಹಾಕುತ್ತದೆ, ಬೂಟಿಗೆ ಕೊಡುವ ದುಡ್ಡಿನ ಎಷ್ಟೋ ಪಟ್ಟು ರ‍್ಯಾಕಿಗೆ ಕೊಡಬೇಕಾಗುತ್ತದೆ.

ಚಕ್ರವನ್ನು ಬಾಡಿಗೆ ಸೇರಿಸುವ ಲೋವರ್ ಆರ್ಮ್‌ನ ರಬ್ಬರ್ ಬುಷ್ ಹೋಗಿದ್ದರೆ ಬ್ರೇಕ್ ಹಾಕಿದಾಗ ಒಂದು ಕಡೆ, ಆಕ್ಸಿಲರೇಟರ್ ಕೊಟ್ಟಾಗ ಇನ್ನೊಂದು ಕಡೆ ಹೋಗುವ ಹಾಗೆ ಅನಿಸುತ್ತದೆ. ನಿಂತಲ್ಲೇ ಸ್ಟಿಯರಿಂಗ್ ತಿರುಗಿಸುವಾಗ ಸ್ಪ್ರಿಂಗ್ ಟಣ್ ಅಂತ ಹಾರಿದರೆ, ತಿರುವು ಮುಗಿದ ಮೇಲೆ ಸ್ಟಿಯರಿಂಗ್ ತಾನಾಗಿ ಮರಳದಿದ್ದರೆ ಬಾನೆಟ್ ಕೆಳಗಿನ ಸ್ಟ್ರಟ್ ಮೌಂಟ್ (ಮುಂದಿನ ಶಾಕ್ ಅಬ್ಸಾರ್ಬರ್‌ನ ಮೇಲ್ತುದಿ ಕೂರುವ ಜಾಗ) ನೋಡಬೇಕು. ಪೂರ್ತಿ ತಿರುಗಿಸಿ ಹೊರಡುವಾಗ ಟಕ ಟಕ ಟಕ ಅಂದರೆ ಅದು ಆಕ್ಸಲ್ ಜಾಯಿಂಟ್. ಇದಕ್ಕೂ ಅಲೈನ್‌ಮೆಂಟ್‌ಗೂ ಸಂಬಂಧವೇ ಇಲ್ಲ.

ಹಿಂದಿನ ಚಕ್ರಗಳನ್ನು ಯಾರೂ ನೋಡುವುದಿಲ್ಲ. ನೀರು ನಿಂತ ಜಾಗದ ಮೂಲಕ ನೇರ ಓಡಿಸಿ ಒಣ ಡಾಮರಿನ ಮೇಲೆ ಬಂದು, ಇಳಿದು ಒದ್ದೆ ಗುರುತು ನೋಡಿ. ಹಿಂದಿನ ಗುರುತು ಎರಡೂ ಬದಿಯಲ್ಲಿ ಒಂದೇ ಕಡೆಗೆ ಸರಿದಿದ್ದರೆ ಕಾರು ಓರೆಯಾಗಿ ಓಡುತ್ತಿದೆ. ಹಿಂದಿನ ಬುಷ್ ಹೋಗಿರಬಹುದು, ಆಕ್ಸಲ್ ಬಗ್ಗಿರಬಹುದು, ಹಳೆ ಆಕ್ಸಿಡೆಂಟ್ ಕೂಡ ಆಗಿರಬಹುದು. ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದಾಗಲೂ ಈ ಉಪಾಯ ಕೈಹಿಡಿಯುತ್ತದೆ, ಮಾರುವವರಿಗೆ ಮೊದಲೇ ಹೇಳಬೇಡಿ ಅಷ್ಟೇ.

ಟೋ ಎಷ್ಟು ತಪ್ಪಿದೆ ಅಂತ ಮನೆಯಲ್ಲೇ ಅಂದಾಜು ಮಾಡಬಹುದು. ಕಾರನ್ನು ಸ್ವಲ್ಪ ಮುಂದಕ್ಕೆ ತಳ್ಳಿ ನಿಲ್ಲಿಸಿ, ಸ್ಟಿಯರಿಂಗ್ ನೇರ ಇರಲಿ. ಮುಂದಿನ ಎರಡೂ ಟಯರ್‌ಗಳ ಹಿಂಬದಿಯಲ್ಲಿ, ಚಕ್ರದ ನಡುವಿನ ಎತ್ತರಕ್ಕೆ, ಚಾಕ್‌ನಲ್ಲಿ ಗುರುತು ಹಾಕಿ ನಡುವಿನ ಅಂತರ ಅಳೆಯಿರಿ. ಈಗ ಅದೇ ಗುರುತು ಮುಂಬದಿಗೆ ಬರುವ ಹಾಗೆ ಕಾರನ್ನು ಮುಂದಕ್ಕೆ ತಳ್ಳಿ ಮತ್ತೆ ಅಳೆಯಿರಿ. ಅದೇ ಗುರುತು ಬಳಸುವುದರಿಂದ ರಿಮ್ ಸ್ವಲ್ಪ ಬಗ್ಗಿದ್ದರೂ ಲೆಕ್ಕ ತಪ್ಪುವುದಿಲ್ಲ. ಮುಂದಿನ ಅಳತೆ ಕಮ್ಮಿ ಇದ್ದರೆ ಟೋ ಇನ್, ಜಾಸ್ತಿ ಇದ್ದರೆ ಟೋ ಔಟ್. ಸಣ್ಣ ಕಾರುಗಳಲ್ಲಿ ವ್ಯತ್ಯಾಸ ಒಂದೆರಡು ಮಿಲಿಮೀಟರ್ ಇರಬೇಕು ಅಷ್ಟೇ, ಸರಿಯಾದ ಲೆಕ್ಕ ಮ್ಯಾನುಯಲ್‌ನಲ್ಲಿ ಸಿಗುತ್ತದೆ. ಸೆಂಟಿಮೀಟರ್‌ನಲ್ಲಿ ಬಂದರೆ ಏನೋ ಬಗ್ಗಿದೆ, ಇಲ್ಲವೇ ಟೈ ರಾಡ್ ಎಂಡ್ ಹಾಕಿದವರು ಹಳೆಯದು ಎಷ್ಟು ಸುತ್ತು ಒಳಗಿತ್ತು ಅಂತ ಎಣಿಸದೆ ಹಾಕಿದ್ದಾರೆ.

ಇಷ್ಟೆಲ್ಲ ಆದ ಮೇಲೆ ಅಲೈನ್‌ಮೆಂಟ್‌ಗೆ ಹೋಗಿ. ಡಿಕ್ಕಿಯಲ್ಲಿ ಅಡಿಕೆ ಮೂಟೆ ಇಟ್ಟುಕೊಂಡು ಹೋಗಬೇಡಿ, ಹಿಂದೆ ಕುಳಿತ ಕಾರಿನ ಲೆಕ್ಕ ಬೇರೆ ಬರುತ್ತದೆ. ಮಾಡುವ ಮೊದಲಿನ ಮತ್ತು ಮಾಡಿದ ಮೇಲಿನ ಎರಡೂ ಪ್ರಿಂಟ್ ಕೇಳಿ ಪಡೆಯಿರಿ. ಈ ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ ಮುಂದಿನ ಟೋ ಮಾತ್ರ ಅಡ್ಜಸ್ಟ್ ಮಾಡಲು ಬರುತ್ತದೆ. ಕ್ಯಾಂಬರ್, ಕ್ಯಾಸ್ಟರ್ (ಚಕ್ರ ಎಡ-ಬಲ ತಿರುಗುವ ಅಕ್ಷದ ಹಿಂದು-ಮುಂದಿನ ಓರೆ) ತಪ್ಪಿದ್ದರೆ ಏನೋ ಬಗ್ಗಿದೆ ಅಥವಾ ಸವೆದಿದೆ ಅಂತ ಅರ್ಥ. ಕ್ಯಾಂಬರ್ ಜಾಸ್ತಿ ಪಾಸಿಟಿವ್ (ಮೇಲ್ತುದಿ ಹೊರಕ್ಕೆ ವಾಲಿ) ಇರುವ ಕಡೆಗೆ, ಕ್ಯಾಸ್ಟರ್ ಕಮ್ಮಿ ಇರುವ ಕಡೆಗೆ ಕಾರು ಎಳೆಯುತ್ತದೆ, ಹಾಗಾಗಿ ಎಡ-ಬಲದ ವ್ಯತ್ಯಾಸ ನೋಡಿ. ಕೆಲವು ಕಡೆ ಜಾಕಿ ಕೊಟ್ಟು ಸ್ಟ್ರಟ್ ಬಗ್ಗಿಸಿ ಕ್ಯಾಂಬರ್ ಸರಿ ಮಾಡುತ್ತಾರೆ. ಪ್ರಿಂಟ್‌ನಲ್ಲಿ ಎಲ್ಲ ಹಸಿರು ಬರುತ್ತದೆ, ಆದರೆ ಹೋದ ಬುಷ್ ಹೋದ ಹಾಗೇ ಇರುತ್ತದೆ. ಒಪ್ಪಬೇಡಿ. ಕೆಲಸ ಮುಗಿದ ಮೇಲೂ ಸ್ಟಿಯರಿಂಗ್ ಓರೆ ನಿಂತರೆ ಅದನ್ನು ಬಿಚ್ಚಿ ತಿರುಗಿಸಿ ಹಾಕಲು ಬಿಡಬೇಡಿ. ಎರಡೂ ಟೈ ರಾಡ್‌ಗಳನ್ನು ಸಮ ಮಾಡಿ ನೇರ ತರಲು ಹೇಳಿ, ಅಲ್ಲೇ ಒಂದು ಸುತ್ತು ಓಡಿಸಿ ನೋಡಿ, ಆಮೇಲೆ ದುಡ್ಡು ಕೊಡಿ.