ಹಳೇ ನೆಟ್ ಬಿಟ್ಟು ಹೊಸದಕ್ಕೆ ಹೋಗಿದ್ದು: ಒಂಬತ್ತು ದಿನ ಎರಡೂ ಲೈನ್

ಮೊಬೈಲ್ ನಂಬರ್ ಉಳಿಸಿಕೊಂಡೇ ಕಂಪನಿ ಬದಲಿಸುವ ಪೋರ್ಟಿಂಗ್ ಸೌಲಭ್ಯ ನಮ್ಮಲ್ಲಿ ಮನೆಯ ಬ್ರಾಡ್‌ಬ್ಯಾಂಡಿಗೆ ಇಲ್ಲ. ಹೊಸಬರು ಬಂದು ಹೊಸ ಕೇಬಲ್ ಎಳೆಯುತ್ತಾರೆ. ಹಳಬರಿಗೆ ಬೇಡ ಎಂದು ನಾವೇ ಹೇಳಬೇಕು. ಇವು ಎರಡು ಬೇರೆ ಬೇರೆ ಕೆಲಸ. ಒಂದು ಮುಗಿದರೆ ಇನ್ನೊಂದು ತಾನಾಗಿ ಮುಗಿಯುತ್ತದೆ ಎಂದುಕೊಂಡರೆ ಕೆಡುವುದು ಅಲ್ಲೇ. ಬೆಂಗಳೂರಿನ ಬಾಡಿಗೆ ಮನೆಯ ಎರಡನೇ ಮಹಡಿಗೆ ನಾನು ಇದನ್ನು ಮಾಡಿದ ಕ್ರಮ ಹೀಗಿದೆ. ಹಳೇ ಪ್ಲಾನ್ ಮಾರ್ಚ್ 31ಕ್ಕೆ ಮುಗಿಯುತ್ತಿತ್ತು, ಕೆಲಸ ಶುರು ಮಾಡಿದ್ದು ಮಾರ್ಚ್ 5ಕ್ಕೆ, ಹೊಸ ಲೈನ್ ಬಂದದ್ದು 22ಕ್ಕೆ.

ಮೊದಲು ಮುಗಿಯುವ ದಿನ ಖಚಿತ ಮಾಡಿಕೊಳ್ಳಿ. ಎಸ್‌ಎಂಎಸ್ ನಂಬಬೇಡಿ, ಆ್ಯಪ್‌ನಲ್ಲಿರುವ ಇನ್‌ವಾಯ್ಸ್ ತೆಗೆದು ನೋಡಿ. ವರ್ಷದ ಪ್ಲಾನಿಗೆ 'ಒಂದು ತಿಂಗಳು ಫ್ರೀ' ಸೇರಿದ್ದರೆ ಕೊನೆಯ ದಿನ 13ನೇ ತಿಂಗಳಿಗೆ ಹೋಗಿರುತ್ತದೆ. ಪೋಸ್ಟ್‌ಪೇಯ್ಡ್ ಆಗಿದ್ದರೆ ಮುಗಿಯುವ ದಿನ ಎಂಬುದೇ ಇರುವುದಿಲ್ಲ, ನೀವು ಸರೆಂಡರ್ ಮಾಡುವ (ಲೈನ್ ಬಿಟ್ಟುಕೊಡುವ) ತನಕ ಬಿಲ್ ಏರುತ್ತಲೇ ಇರುತ್ತದೆ. ಸೇರುವಾಗ ರೂಟರನ್ನೋ ಇನ್‌ಸ್ಟಲೇಷನ್ನನ್ನೋ ಉಚಿತವಾಗಿ ಕೊಟ್ಟಿದ್ದರೆ ಇಷ್ಟು ತಿಂಗಳು ಇರಲೇಬೇಕು ಎಂಬ ಷರತ್ತು ಜೊತೆಗೇ ಬಂದಿರುತ್ತದೆ, ಅದನ್ನೂ ಈಗಲೇ ಓದಿ.

ಆಟೋಪೇ ಇದ್ದರೆ ಅದನ್ನು ತೆಗೆಯುವ ಕೆಲಸವೂ ಇದೇ ವಾರದ್ದು. ನನ್ನ ಹಳೇ ಪ್ಲಾನ್ ತಿಂಗಳಿಗೆ ₹999, ಮೇಲೆ ಶೇ. 18 ಜಿಎಸ್‌ಟಿ. ವರ್ಷಕ್ಕೆ ಒಟ್ಟು ₹14,146. ಕಾರ್ಡ್ ಮೇಲಿನ ಆಟೋಪೇಯಲ್ಲಿ ₹15,000ದ ಒಳಗಿನ ಮೊತ್ತಕ್ಕೆ ಪ್ರತಿ ಸಲ ಒಟಿಪಿ ಕೇಳುವುದಿಲ್ಲ. ಕನಿಷ್ಠ 24 ಗಂಟೆ ಮುಂಚೆ ಒಂದು ಸೂಚನೆ ಬರುತ್ತದೆ, ಅದನ್ನು ನೋಡದೇ ಹೋದರೆ ಇನ್ನೊಂದು ವರ್ಷದ ದುಡ್ಡು ಹೋಯಿತು ಅಂತಲೇ. ಕಂಪನಿಯ ಆ್ಯಪ್‌ನಲ್ಲಿ ಆಟೋಪೇ ಆಫ್ ಮಾಡಿ ಸುಮ್ಮನಾಗಬೇಡಿ. ಬ್ಯಾಂಕ್ ಅಥವಾ ಯುಪಿಐ ಆ್ಯಪ್‌ನಲ್ಲಿರುವ ಮ್ಯಾಂಡೇಟನ್ನೂ (ದುಡ್ಡು ತಾನಾಗಿ ಕಡಿಯಲು ನೀವು ಕೊಟ್ಟ ಅನುಮತಿ) ರದ್ದು ಮಾಡಿ.

ಇನ್ನು, ಕಂಪನಿ ಬದಲಿಸಲೇಬೇಕೇ? 'ನೆಟ್ ಸ್ಲೋ' ಎಂದು ಬದಲಿಸುವವರಲ್ಲಿ ಅನೇಕರ ತೊಂದರೆ ಮನೆಯ ವೈಫೈಯಲ್ಲೇ ಇರುತ್ತದೆ. ಅಂಥವರು ಯಾರ ಹತ್ತಿರ ಹೋದರೂ ಅದೇ ಹಾಡು. ಹಾಗಾಗಿ ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲ್ಲಿನಲ್ಲಿ ನೇರ ರೂಟರಿಗೆ ಸಿಕ್ಕಿಸಿ ಬೆಳಿಗ್ಗೆ 7, ಮಧ್ಯಾಹ್ನ 2, ರಾತ್ರಿ 10ಕ್ಕೆ ಹೀಗೆ ನಾಲ್ಕು ದಿನ ಅಳೆದೆ. ಒಂದು ಪಿಂಗ್ (ಸಂದೇಶ ಹೋಗಿ ಬರಲು ಹಿಡಿಯುವ ಹೊತ್ತಿನ ಅಳತೆ) ರೂಟರಿಗೆ (192.168.1.1), ಇನ್ನೊಂದು ಹೊರಗಿನ ಗೂಗಲ್ ಸರ್ವರ್ 8.8.8.8ಕ್ಕೆ. ಬಳಿಕ ಇದನ್ನೇ ವೈಫೈಯಲ್ಲಿ ಮಾಡಿ ನೋಡಿದೆ. ವೈಫೈಯಲ್ಲಿ ರೂಟರಿನ ಪಿಂಗೇ 30, 40 ಮಿಲಿಸೆಕೆಂಡ್ ಕುಣಿದರೆ ದೋಷ ಗೋಡೆ, ದೂರ ಅಥವಾ ಪಕ್ಕದ ಮನೆಯವರ ವೈಫೈ ಚಾನೆಲ್‌ನದು. ನನ್ನಲ್ಲಿ ರೂಟರಿಗೆ 1 ಮಿಲಿಸೆಕೆಂಡ್ ಒಳಗೇ ಇತ್ತು. 8.8.8.8ಕ್ಕೆ ಬೆಳಿಗ್ಗೆ 6 ಮಿಲಿಸೆಕೆಂಡ್ ಇದ್ದದ್ದು ರಾತ್ರಿ 10ಕ್ಕೆ 70 ದಾಟುತ್ತಿತ್ತು, 100 ಎಂಬಿಪಿಎಸ್ ಲೈನ್ 30ಕ್ಕೆ ಇಳಿಯುತ್ತಿತ್ತು.

ಓಎನ್‌ಟಿ, ಅಂದರೆ ಫೈಬರ್ ಬಂದು ಸೇರುವ ಡಬ್ಬಿ, ಅದರ ಸ್ಟೇಟಸ್ ಪುಟದಲ್ಲಿ ಆರ್‌ಎಕ್ಸ್ ಪವರ್ ಎಂಬ ಅಂಕಿ, ಅಂದರೆ ಬಂದು ತಲುಪಿದ ಬೆಳಕಿನ ಬಲ, ಸಿಗುತ್ತದೆ. ಸಾಮಾನ್ಯ ಜಿಪಾನ್ (ಮನೆಗಳಿಗೆ ಫೈಬರ್ ಕೊಡುವ ರೀತಿ) ಲೈನಿನಲ್ಲಿ ಅದು −8 ಮತ್ತು −27 ಡಿಬಿಎಂ ನಡುವೆ ಇರಬೇಕು. −25 ದಾಟಿ −27ರ ಅಂಚಿನತ್ತ ಜಾರಿದ್ದರೆ ಎಲ್ಲೋ ಬೆಸುಗೆ ಕೆಟ್ಟಿದೆ, ಕನೆಕ್ಟರಿನಲ್ಲಿ ಧೂಳು ಕೂತಿದೆ, ಇಲ್ಲವೇ ಕೇಬಲ್ ಮಡಚಿದೆ. ಆಗ ದೂರು ಕೊಟ್ಟು ಸರಿ ಮಾಡಿಸಿಕೊಂಡರೆ ಸಾಕು, ಕಂಪನಿ ಬದಲಿಸುವ ಅಗತ್ಯವಿಲ್ಲ. ನನ್ನದು −19.4. ಲೈನ್ ಚೆನ್ನಾಗಿದೆ, ರಾತ್ರಿ ಮಾತ್ರ ಉಸಿರು ಕಟ್ಟುತ್ತದೆ. ಅಂದರೆ ಕಂಪನಿಯವರ ಕಡೆಯಲ್ಲೇ ಜನ ಹೆಚ್ಚು, ದಾರಿ ಕಿರಿದು. ಇದನ್ನು ಮನೆಗೆ ಬರುವ ಹುಡುಗರು ಸರಿ ಮಾಡಲಾರರು. ಬಿಡುವ ತೀರ್ಮಾನ ಮಾಡಿದ್ದು ಇದರ ಮೇಲೆ.

200 ಎಂಬಿಪಿಎಸ್ ಪ್ಲಾನ್ ಇದ್ದೂ ಟೆಸ್ಟಿನಲ್ಲಿ ಯಾವಾಗಲೂ 94ಕ್ಕೇ ನಿಲ್ಲುತ್ತಿದೆ ಎನ್ನುವವರು ಕಂಪನಿಯನ್ನು ಬೈಯುವ ಮುಂಚೆ ಲ್ಯಾನ್ ಕೇಬಲ್ ಬದಲಿಸಿ ನೋಡಿ. ಕೇಬಲ್ಲಿನ ನಾಲ್ಕು ಜೋಡಿ ತಂತಿಗಳಲ್ಲಿ ಎರಡೇ ಕೂಡಿದ್ದರೆ ಪೋರ್ಟ್ 100ರ ವೇಗಕ್ಕೆ ಇಳಿದುಬಿಡುತ್ತದೆ, ಆಗ ಕಾಣುವ ಅಂಕಿ 94 ಆಸುಪಾಸು.

ಹೊಸಬರನ್ನು ಆರಿಸುವಾಗ ಜಾಹೀರಾತಿಗಿಂತ ಪಕ್ಕದ ಮನೆಯವರ ಮಾತು ಮೇಲು. ಒಂದೇ ಕಂಪನಿ ಒಂದು ಕ್ರಾಸಿನಲ್ಲಿ ಚೆನ್ನಾಗಿದ್ದು ಮುಂದಿನ ಕ್ರಾಸಿನಲ್ಲಿ ಕೆಟ್ಟದಾಗಿರಬಹುದು. ಅದೇ ಕಂಬದಿಂದ ಲೈನ್ ಪಡೆದ ಇಬ್ಬರನ್ನು ಕೇಳಿದೆ: ರಾತ್ರಿ ಹೇಗೆ, ಮಳೆ ಬಂದಾಗ ಹೇಗೆ, ಕರೆಂಟ್ ಹೋದಾಗ ಹೇಗೆ? ಮೂರನೆಯದನ್ನು ತಪ್ಪದೇ ಕೇಳಿ. ಫೈಬರ್ ಮನೆಯ ಒಳಗಿನ ತನಕ ಬಂದರೆ ದಾರಿಯಲ್ಲಿರುವ ಸ್ಪ್ಲಿಟರಿಗೆ (ಒಂದು ಫೈಬರನ್ನು ಹಲವು ಮನೆಗಳಿಗೆ ಹಂಚುವ ಡಬ್ಬಿ) ಕರೆಂಟ್ ಬೇಡ. ಕೆಲವರು ಕಟ್ಟಡದ ತನಕ ಮಾತ್ರ ಫೈಬರ್ ತಂದು, ಮೆಟ್ಟಿಲ ಕೆಳಗೆ ಒಂದು ಸ್ವಿಚ್ ಇಟ್ಟು, ಅಲ್ಲಿಂದ ಲ್ಯಾನ್ ಕೇಬಲ್ ಎಳೆಯುತ್ತಾರೆ. ಬೆಸ್ಕಾಂ ಕರೆಂಟ್ ಹೋದರೆ ಆ ಸ್ವಿಚ್ಚೂ ಮಲಗುತ್ತದೆ, ನಿಮ್ಮ ಮನೆಯಲ್ಲಿ ಯುಪಿಎಸ್ ಇದ್ದೂ ಉಪಯೋಗವಿಲ್ಲ.

ಸೇಲ್ಸ್‌ನವರಿಂದ ವಾಟ್ಸ್ಆ್ಯಪ್‌ನಲ್ಲಿ, ಬರಹದಲ್ಲೇ, ಉತ್ತರ ತೆಗೆದುಕೊಂಡದ್ದು ಇಷ್ಟಕ್ಕೆ: ಹೇಳಿದ ದರಕ್ಕೆ ಜಿಎಸ್‌ಟಿ ಸೇರಿದೆಯೇ, ಅಪ್‌ಲೋಡ್ ವೇಗವೂ ಅಷ್ಟೇ ಇದೆಯೇ, 'ಅನ್‌ಲಿಮಿಟೆಡ್' ಎಂದರೆ ತಿಂಗಳಿಗೆ ಎಷ್ಟು (ಸಾಮಾನ್ಯವಾಗಿ 3,300 ಜಿಬಿ ಆಸುಪಾಸು ಮಿತಿ ಇರುತ್ತದೆ), ಓಎನ್‌ಟಿ ನಮ್ಮದೋ ಅವರದೋ, ಡೆಪಾಸಿಟ್ ಎಷ್ಟು. ವರ್ಷದ ಪ್ಲಾನ್ ತೆಗೆದುಕೊಳ್ಳಲಿಲ್ಲ. ಮುಂಗಡ ಕಟ್ಟಿದ್ದು ಮಧ್ಯದಲ್ಲಿ ಬಿಟ್ಟರೆ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ₹799ರ ಪ್ಲಾನ್, 6 ತಿಂಗಳಿಗೆ ಜಿಎಸ್‌ಟಿ ಸೇರಿ ₹5,657. ಒಂಬತ್ತು ದಿನ ಎರಡೂ ಲೈನ್ ಇಟ್ಟುಕೊಂಡದ್ದರ ಖರ್ಚು ಸುಮಾರು ₹280 ಬಿತ್ತು. ಇದನ್ನು ಉಳಿಸಲು ಹೋಗಿ 31ರ ರಾತ್ರಿಗೆ ಹಳೆಯದು, 1ರ ಬೆಳಿಗ್ಗೆಗೆ ಹೊಸದು ಎಂದು ಲೆಕ್ಕ ಹಾಕಬೇಡಿ. ಕಂಬದ ಡಬ್ಬಿಯಲ್ಲಿ ಪೋರ್ಟ್ ಖಾಲಿ ಇಲ್ಲ, ಅಡ್ಡಕ್ಕೆ ಮರ ಇದೆ, ಮನೆ ಓನರ್ ಊರಲ್ಲಿಲ್ಲ, ಹೀಗೆ ಏನಾದರೊಂದಕ್ಕೆ ವಾರ ಜಾರುತ್ತದೆ.

ಕೇಬಲ್ ಎಳೆಯುವ ದಿನ ಮನೆಯಲ್ಲೇ ಇರಿ. ಕಂಬದಿಂದ ಬರುವ ಕೇಬಲ್ಲಿಗೆ ಆಧಾರವಾಗಿ ಉಕ್ಕಿನ ತಂತಿ ಇದ್ದರೆ ಅದನ್ನು ಹೊರಗಿನ ಕೊಕ್ಕೆಗೇ ಕಟ್ಟಿಸಿ, ಒಳಗೆ ಬರೀ ಫೈಬರ್ ಬರಲಿ. ಗೋಡೆಯ ತೂತು ಹೊರಗಡೆಗೆ ಇಳಿಜಾರಾಗಿರಲಿ, ತೂತಿಗೆ ಮುಂಚೆ ಕೇಬಲ್ ಒಮ್ಮೆ ಕೆಳಗೆ ಜೋತು ಮೇಲೇರಲಿ. ಇಲ್ಲದಿದ್ದರೆ ಮಳೆನೀರು ಕೇಬಲ್ ಹಿಡಿದುಕೊಂಡೇ ಒಳಗೆ ಬರುತ್ತದೆ. ಮುಂದೆ ರಿಪೇರಿಗೆ ಬೇಕಾಗುವ ಮೂರು ಮೀಟರ್ ಹೆಚ್ಚುವರಿಯನ್ನು ಅಗಲವಾಗಿ ಸುತ್ತಿ ಇಡಿಸಿ, ಸುತ್ತು ಮುಷ್ಟಿಗಿಂತ ಚಿಕ್ಕದಾಗಬಾರದು. ಬಾಗಿಲ ಸಂದಿಯಲ್ಲಿ ಕೇಬಲ್ ಹಾಯಿಸಲು ಒಪ್ಪಲೇಬೇಡಿ.

ಓಎನ್‌ಟಿಗೆ ಸಿಕ್ಕಿಸುವ ಕನೆಕ್ಟರ್ ಹೆಚ್ಚಾಗಿ ಹಸಿರು ಬಣ್ಣದ್ದು, ಅದರ ತುದಿ 8 ಡಿಗ್ರಿ ಓರೆ. ನೀಲಿಯದರ ತುದಿಗೆ ಆ ಓರೆ ಇಲ್ಲ. ಹಸಿರು ಪೋರ್ಟಿಗೆ ನೀಲಿ ತುದಿಯ ಪ್ಯಾಚ್ ಕಾರ್ಡ್ (ತುಂಡು ಫೈಬರ್ ಕೇಬಲ್) ಹಾಕಿದರೂ ದೀಪ ಹತ್ತಬಹುದು, ಆದರೆ ಸಿಗ್ನಲ್ ಸೋರುತ್ತದೆ, ಮುಂದೆ ಸುಮ್ಮಸುಮ್ಮನೆ ಕಟ್ ಆಗಲು ಶುರುವಾಗಬಹುದು. ಕೇಬಲ್ ಎಳೆದವರು ಹೊರಡುವ ಮುಂಚೆ, ಫೈಬರಿನ ಬೆಳಕು ಅಳೆಯುವ ಅವರ ಪವರ್ ಮೀಟರಿನ ಅಂಕಿ ತೋರಿಸಿ ಎಂದು ಕೇಳಿ ಫೋಟೊ ತೆಗೆದುಕೊಂಡೆ: −20.8. ಮುಂದೆ ದೂರು ಕೊಡುವಾಗ 'ಬಂದ ದಿನ ಇಷ್ಟಿತ್ತು, ಈಗ ಇಷ್ಟಿದೆ' ಎಂದರೆ ಕಸ್ಟಮರ್ ಕೇರ್‌ನವರ 'ರೀಸ್ಟಾರ್ಟ್ ಮಾಡಿ ಸರ್' ಅಲ್ಲಿಗೇ ನಿಲ್ಲುತ್ತದೆ. ಫೈಬರ್ ತುದಿಯೊಳಗೆ ಕಣ್ಣಿಟ್ಟು ನೋಡಬೇಡಿ, ಮಕ್ಕಳಿಗೂ ಬಿಡಬೇಡಿ. ಅಲ್ಲಿ ಬರುವ ಲೇಸರ್ ಕಣ್ಣಿಗೆ ಕಾಣದಂಥದ್ದು.

ಬಂದ ದಿನವೇ ಮನೆಯನ್ನೆಲ್ಲ ಹೊಸ ಲೈನಿಗೆ ಹಾಕಲಿಲ್ಲ. ಐದು ದಿನ ಲ್ಯಾಪ್‌ಟಾಪ್ ಒಂದನ್ನೇ ಅದಕ್ಕೆ ಸಿಕ್ಕಿಸಿ ಹಿಂದಿನ ಮೂರು ಹೊತ್ತಿನ ಅಳತೆಯನ್ನೇ ಮಾಡಿದೆ, ಆಫೀಸಿನ ವಿಪಿಎನ್, ವಿಡಿಯೊ ಕಾಲ್ ಎರಡನ್ನೂ ಅದರಲ್ಲೇ ನಡೆಸಿದೆ. ಭಾನುವಾರ ರಾತ್ರಿಯ ಅಂಕಿ ಮುಖ್ಯ, ಎಲ್ಲರೂ ಮನೆಯಲ್ಲಿರುತ್ತಾರೆ.

ಸಿಸಿಟಿವಿಯನ್ನು ಹೊರಗಿನಿಂದ ನೋಡಲು ಪೋರ್ಟ್ ಫಾರ್ವರ್ಡ್ (ಹೊರಗಿನಿಂದ ಮನೆಯೊಳಗಿನ ಸಾಧನಕ್ಕೆ ರೂಟರಿನಲ್ಲಿ ಬಿಡುವ ದಾರಿ) ಮಾಡಿಕೊಂಡವರು ರೂಟರಿನ ವ್ಯಾನ್ ಐಪಿ, ಅಂದರೆ ಕಂಪನಿ ಕಡೆಯ ವಿಳಾಸ, ನೋಡಿ. ಅದು 100.64ರಿಂದ 100.127ರ ಒಳಗಿದ್ದರೆ ಕಂಪನಿ ಒಂದೇ ಹೊರ ವಿಳಾಸವನ್ನು ಹಲವು ಮನೆಗಳಿಗೆ ಹಂಚಿದೆ ಎಂದರ್ಥ, ಫಾರ್ವರ್ಡ್ ಕೆಲಸ ಮಾಡುವುದಿಲ್ಲ. ದುಡ್ಡು ಕೊಟ್ಟು ಸ್ಟ್ಯಾಟಿಕ್ ಐಪಿ ತೆಗೆದುಕೊಳ್ಳಬೇಕು, ಇಲ್ಲವೇ ಕ್ಯಾಮೆರಾ ಕಂಪನಿಯ ಕ್ಲೌಡ್ ಆ್ಯಪ್ ಬಳಸಬೇಕು.

ಮನೆಯನ್ನೆಲ್ಲ ಬದಲಿಸುವ ದಿನದ ಸುಲಭ ಉಪಾಯ ಇದು: ಹೊಸ ರೂಟರಿಗೆ ಹಳೇ ವೈಫೈಯ ಹೆಸರು ಮತ್ತು ಪಾಸ್‌ವರ್ಡನ್ನೇ ಅಕ್ಷರ ತಪ್ಪದೆ ಕೊಡಿ, ಹಳೆಯದರ ವೈಫೈ ಆಫ್ ಮಾಡಿ. ಫೋನ್, ಟಿವಿ, ಗೀಸರಿನ ಸ್ಮಾರ್ಟ್ ಪ್ಲಗ್ ಎಲ್ಲ ತಾವಾಗಿ ಬಂದು ಸೇರುತ್ತವೆ. ಎರಡೂ ಒಂದೇ ಹೆಸರಿನಲ್ಲಿ ಒಟ್ಟಿಗೆ ಆನ್ ಇರಬಾರದು, ಯಾವ ಸಾಧನ ಯಾವುದಕ್ಕೆ ಅಂಟಿದೆ ಎಂಬುದೇ ತಿಳಿಯುವುದಿಲ್ಲ. ಹೊಸ ರೂಟರಿನ ವೈಫೈ ಭದ್ರತೆ ಡಬ್ಲ್ಯುಪಿಎ3 ಮಾತ್ರ ಎಂದಿದ್ದರೆ ಹಳೇ ಸಾಧನಗಳು ಸೇರುವುದಿಲ್ಲ, ಡಬ್ಲ್ಯುಪಿಎ2 ಸಹಿತ ಇಡಿ. ಪ್ಲಗ್, ಕ್ಯಾಮೆರಾದಂಥವಕ್ಕೆ ಬೇಕಿರುವುದು 2.4 ಗಿಗಾಹರ್ಟ್ಸ್. ನನ್ನಲ್ಲಿ ಹಟ ಮಾಡಿದ್ದು ಪ್ರಿಂಟರ್ ಒಂದೇ. ಅದಕ್ಕೆ 192.168.1.50 ಎಂದು ಕೈಯಾರೆ ಕೊಟ್ಟಿದ್ದ ವಿಳಾಸ ಹೊಸ ರೂಟರಿನ ಸಾಲಿಗೆ ಹೊಂದುತ್ತಿರಲಿಲ್ಲ, ಆಟೋ ಮಾಡಿದ ಮೇಲೆ ಸರಿಹೋಯಿತು.

ಮಿನಿ ಯುಪಿಎಸ್ ಹಳೆಯದೇ ಸಾಕಾಯಿತು. ಎರಡೂ ಓಎನ್‌ಟಿ 12 ವೋಲ್ಟಿನವು, ಆದರೆ ಹಳೆಯದು 1 ಆಂಪ್, ಹೊಸದು 1.5. ಯುಪಿಎಸ್ ಮೇಲೆ 2 ಆಂಪ್ ಎಂದು ಬರೆದಿತ್ತು. 1 ಆಂಪಿನದಾಗಿದ್ದರೆ ವೈಫೈಗೆ ಹೊರೆ ಬಿದ್ದಾಗಲೆಲ್ಲ ಓಎನ್‌ಟಿ ರೀಸ್ಟಾರ್ಟ್ ಆಗುತ್ತಿತ್ತು.

ಹಳಬರನ್ನು ಬಿಡುವುದು ಉಳಿದ ಭಾಗ, ಹೆಚ್ಚು ಬೇಸರ ತರುವುದೂ ಇದೇ. ರೀಚಾರ್ಜ್ ಮಾಡದೆ ಸುಮ್ಮನಿದ್ದರೆ ಲೈನ್ ನಿಲ್ಲುತ್ತದೆ, ಖಾತೆ ಮುಚ್ಚುವುದಿಲ್ಲ, ಡೆಪಾಸಿಟ್ ಬರುವುದಿಲ್ಲ, ಓಎನ್‌ಟಿ ನಿಮ್ಮ ಹೆಸರಿನಲ್ಲೇ ಇರುತ್ತದೆ. ಆ ಪ್ಲಾನಿನ ಜೊತೆ ಬಂದ ಓಟಿಟಿ ನಿಲ್ಲುತ್ತದೆ. ಲ್ಯಾಂಡ್‌ಲೈನ್ ನಂಬರೂ ಹೋಗುತ್ತದೆ, ಬ್ಯಾಂಕಿಗೋ ಗ್ಯಾಸ್ ಏಜೆನ್ಸಿಗೋ ಅದನ್ನು ಕೊಟ್ಟಿದ್ದರೆ ಮೊದಲು ಬದಲಿಸಿ. ಮಾರ್ಚ್ 27ಕ್ಕೆ ಆ್ಯಪ್‌ನಲ್ಲಿ ಸರೆಂಡರ್ ಕೋರಿಕೆ ಹಾಕಿ, ಅದನ್ನೇ ಇಮೇಲಿನಲ್ಲೂ ಕಳಿಸಿದೆ: ಖಾತೆ ಸಂಖ್ಯೆ, ಸೇವೆ ನಿಲ್ಲಬೇಕಾದ ದಿನ ಮಾರ್ಚ್ 31, ಓಎನ್‌ಟಿಯ ಸೀರಿಯಲ್ ನಂಬರ್, ಡೆಪಾಸಿಟ್ ₹1,500, ಹಣ ಹಾಕಬೇಕಾದ ಬ್ಯಾಂಕ್ ಖಾತೆ. ಮಾರನೇ ದಿನದಿಂದ ಉಳಿಸಿಕೊಳ್ಳುವ ತಂಡದ ಕರೆಗಳು. 'ಒಂದು ತಿಂಗಳು ಫ್ರೀ ಕೊಡ್ತೀವಿ, ನೋಡಿ ಹೇಳಿ ಸರ್' ಎನ್ನುವುದಕ್ಕೆ ಸರಿ ಎಂದರೆ ಸರೆಂಡರ್ ಕೋರಿಕೆ ಅಲ್ಲಿಗೇ ರದ್ದಾಗಿಬಿಡಬಹುದು. ಬೇಡ ಎಂಬುದನ್ನೂ ಅದೇ ಇಮೇಲಿಗೆ ಉತ್ತರವಾಗಿ ಬರೆದೆ.

ಓಎನ್‌ಟಿ ಒಯ್ಯಲು ಯಾರೂ ಬರಲಿಲ್ಲ. 'ಗ್ರಾಹಕರು ಮನೆಯಲ್ಲಿ ಸಿಗಲಿಲ್ಲ' ಎಂದು ಟಿಕೆಟ್ ಮುಚ್ಚಿದ್ದರು. ಹೀಗಾದಾಗ ಅದೇ ಟಿಕೆಟ್ ಸಂಖ್ಯೆ ಹಾಕಿ ದೂರು ದಾಖಲಿಸಿ ಡಾಕೆಟ್ ನಂಬರ್ (ದೂರಿನ ಸಂಖ್ಯೆ) ಪಡೆಯಬೇಕು. ಉತ್ತರ ಒಪ್ಪಿಗೆಯಾಗದಿದ್ದರೆ ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್‌ನ 2012ರ ನಿಯಮದಂತೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ 30 ದಿನದೊಳಗೆ ಬರೆಯಬಹುದು, ಶುಲ್ಕವಿಲ್ಲ. ಟ್ರಾಯ್ ಒಬ್ಬೊಬ್ಬರ ದೂರನ್ನು ತಾನೇ ಬಗೆಹರಿಸುವುದಿಲ್ಲ, ಅಲ್ಲಿಗೆ ಬರೆದು ಕಾಯಬೇಡಿ. ಮೇಲ್ಮನವಿಗೂ ಬಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ನನಗೆ ಡಾಕೆಟ್ ನಂಬರೇ ಸಾಕಾಯಿತು, ಮೂರನೇ ದಿನ ಹುಡುಗ ಬಂದ.

ಡಬ್ಬಿ ಮತ್ತು ಅಡಾಪ್ಟರ್ ಎರಡನ್ನೂ ಕೊಟ್ಟೆ. ಅಡಾಪ್ಟರ್ ಇಲ್ಲ ಎಂದು ಡೆಪಾಸಿಟ್‌ನಲ್ಲಿ ಮುರಿದುಕೊಳ್ಳುವುದುಂಟು, ಅದನ್ನು ಬೇರೆಯದರ ಜೊತೆ ಅದಲುಬದಲು ಮಾಡಿರಬೇಡಿ. ಕೊಡುವ ಮುಂಚೆ ಫ್ಯಾಕ್ಟರಿ ರೀಸೆಟ್ ಒತ್ತಿ, ನಿಮ್ಮ ವೈಫೈ ಪಾಸ್‌ವರ್ಡ್ ಅದರಲ್ಲೇ ಇರುತ್ತದೆ. ಹೊಸ ಲೈನಿಗೂ ಅದೇ ಪಾಸ್‌ವರ್ಡ್ ಕೊಟ್ಟಿದ್ದೀರಲ್ಲ. ಸೀರಿಯಲ್ ನಂಬರ್, ತಾರೀಖು, ಒಯ್ದವರ ಸಹಿ ಇರುವ ಚೀಟಿ ಕೇಳಿದೆ. ಅವರ ಬಳಿ ಪುಸ್ತಕ ಇರಲಿಲ್ಲ, ಬಿಳಿ ಹಾಳೆಯಲ್ಲೇ ಬರೆಸಿಕೊಂಡು, ಡಬ್ಬಿಯ ಪಕ್ಕದಲ್ಲಿಟ್ಟು ಫೋಟೊ ತೆಗೆದು, ಇಮೇಲಿಗೆ ಲಗತ್ತಿಸಿದೆ. ಡೆಪಾಸಿಟ್ ಬಂದ ಮೇಲೆ 'ಬಾಕಿ ಇಲ್ಲ' ಎಂಬ ಒಂದು ಸಾಲಿನ ಉತ್ತರವನ್ನೂ ಕೇಳಿ ತೆಗೆದುಕೊಂಡೆ.

ಹಳೇ ಕೇಬಲ್ಲನ್ನು ಅವರು ಬಿಚ್ಚಿಕೊಂಡು ಹೋಗುವುದಿಲ್ಲ. ಅದನ್ನು ನೀವು ಕತ್ತರಿಸಲೂ ಬೇಡಿ, ಒಂದೇ ದಪ್ಪದ ನಾಲ್ಕು ಕಪ್ಪು ಕೇಬಲ್ಲುಗಳಲ್ಲಿ ಯಾವುದು ಕೆಳಗಿನ ಮನೆಯವರದೋ ತಿಳಿಯದು. ಕನೆಕ್ಟರಿಗೆ ಮುಚ್ಚಳ ಹಾಕಿ, ಸುತ್ತಿ, ಕಿಟಕಿಯ ಹೊರಗಿನ ಕೊಕ್ಕೆಗೆ ಕಟ್ಟಿ, ಟೇಪಿನ ಮೇಲೆ ಹಳೇ ಕಂಪನಿಯ ಹೆಸರು, 'ಮಾರ್ಚ್ 31ಕ್ಕೆ ನಿಲ್ಲಿಸಿದ್ದು' ಎಂದು ಬರೆದು ಅಂಟಿಸಿದ್ದೇನೆ. ಹೊಸದರ ಮೇಲೂ ಒಂದು ಚೀಟಿ ಇದೆ: ಸೆಪ್ಟೆಂಬರ್ 21.