ಮಧ್ಯಮ ಗಾತ್ರದ ಕಂಪನಿಯಲ್ಲಿ ಸರ್ವರ್ ವರ್ಚುವಲೈಸೇಷನ್: ಅಳತೆಯಿಂದ ಸ್ಥಳಾಂತರದವರೆಗೆ

ಪೀಣ್ಯದಲ್ಲೋ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲೋ ಇನ್ನೂರು ಮಂದಿ ದುಡಿಯುವ ಒಂದು ಬಿಡಿಭಾಗ ತಯಾರಿಕಾ ಕಂಪನಿಯ ಸರ್ವರ್ ಕೋಣೆಯನ್ನು ಹೊಕ್ಕರೆ ಸಾಮಾನ್ಯವಾಗಿ ಏಳೆಂಟು ಯಂತ್ರಗಳು ಕಾಣುತ್ತವೆ. ಟ್ಯಾಲಿಗೆ ಒಂದು, ಖರೀದಿ, ಉತ್ಪಾದನೆ, ದಾಸ್ತಾನನ್ನು ಒಟ್ಟಿಗೆ ನೋಡುವ ಇಆರ್‌ಪಿಗೆ ಒಂದು, ಅದರ ಡೇಟಾಬೇಸ್‌ಗೆ ಒಂದು, ಎಲ್ಲರ ಲಾಗಿನ್ ಖಾತೆಗಳನ್ನು ನಿರ್ವಹಿಸುವ ಡೊಮೇನ್ ಕಂಟ್ರೋಲರ್, ಫೈಲ್ ಸರ್ವರ್, ಬಯೋಮೆಟ್ರಿಕ್ ಹಾಜರಾತಿಗೆ ಇನ್ನೊಂದು. ಇವೆಲ್ಲ ಬೇರೆ ಬೇರೆ ವರ್ಷಗಳಲ್ಲಿ, ಅಗತ್ಯ ಬಿದ್ದಾಗ ಬಿದ್ದ ಹಾಗೆ ಕೊಂಡವು. ಕೆಲವಕ್ಕೆ ವಾರಂಟಿ ಮುಗಿದಿರುತ್ತದೆ, ಬಹುಪಾಲು ಯಂತ್ರಗಳ ಪ್ರೊಸೆಸರ್ ದಿನದ ಹೆಚ್ಚಿನ ಹೊತ್ತು ಸುಮ್ಮನಿರುತ್ತದೆ. ಒಂದೇ ಗಟ್ಟಿಯಾದ ಯಂತ್ರದ ಮೇಲೆ ಹೈಪರ್‌ವೈಸರ್ ಎಂಬ ತಂತ್ರಾಂಶವನ್ನು ಕೂರಿಸಿ, ಈ ಎಲ್ಲ ಸರ್ವರ್‌ಗಳನ್ನು ಅದರೊಳಗೆ ಪ್ರತ್ಯೇಕ ವರ್ಚುವಲ್ ಮಷೀನ್‌ಗಳಾಗಿ ನಡೆಸುವುದೇ ವರ್ಚುವಲೈಸೇಷನ್. ವಿದ್ಯುತ್ತು, ಜಾಗ, ನಿರ್ವಹಣೆ ಎಲ್ಲದರಲ್ಲೂ ಉಳಿತಾಯವಾಗುತ್ತದೆ. ಆದರೆ ಎಂಟು ಸರ್ವರ್‌ಗಳು ಒಂದೇ ಯಂತ್ರವನ್ನು ಸೇರಿದ ಮೇಲೆ ಆ ಒಂದು ಯಂತ್ರ ಕೆಟ್ಟರೆ ಎಂಟೂ ನಿಲ್ಲುತ್ತವೆ. ಆದ್ದರಿಂದ ಎರಡನೆಯ ಹೋಸ್ಟ್ (ಹೈಪರ್‌ವೈಸರ್ ಓಡುವ ಯಂತ್ರ) ಸಿದ್ಧವಾಗುವ ಮುನ್ನ, ಬ್ಯಾಕಪ್‌ನಿಂದ ಒಂದು ಮಷೀನನ್ನಾದರೂ ಮರಳಿ ಎಬ್ಬಿಸಿ ನೋಡುವ ಮುನ್ನ, ನಿತ್ಯ ಬಳಕೆಯ ಯಾವ ಸರ್ವರನ್ನೂ ಸ್ಥಳಾಂತರಿಸಬಾರದು. ಈ ಬರಹದ ಉಳಿದ ಸಲಹೆಗಳೆಲ್ಲ ಇದಕ್ಕೆ ಅಧೀನ.

ಮೊದಲ ಕೆಲಸ ಅಳತೆ. ಪ್ರತಿ ಸರ್ವರಿನ ಪ್ರೊಸೆಸರ್, ಮೆಮೊರಿ, ಡಿಸ್ಕ್ ಬಳಕೆಯನ್ನು ಕನಿಷ್ಠ ಒಂದು ತಿಂಗಳು ದಾಖಲಿಸಬೇಕು. ಆ ಅವಧಿಯೊಳಗೆ ತಿಂಗಳ ಕೊನೆಯ ಲೆಕ್ಕ ಮುಕ್ತಾಯ, ಸಂಬಳದ ದಿನ, ಜಿಎಸ್‌ಟಿ ಸಲ್ಲಿಕೆಯ ದಿನಗಳು ಬಂದು ಹೋಗಿರಬೇಕು. ವಿಂಡೋಸ್‌ನ ಪರ್ಫಾರ್ಮೆನ್ಸ್ ಮಾನಿಟರ್, ಲಿನಕ್ಸ್‌ನ ಸಾರ್ (sar) ಎಂಬ ಆಜ್ಞೆ ಇದಕ್ಕೆ ಸಾಕು. ಸರಾಸರಿಯನ್ನು ನಂಬಿ ಯಂತ್ರ ಕೊಳ್ಳಬಾರದು. ಗರಿಷ್ಠ ಬಳಕೆ ಎಷ್ಟು, ಅದು ಯಾವ ಹೊತ್ತಿಗೆ ಬರುತ್ತದೆ ಎಂಬುದು ಮುಖ್ಯ. ಡಿಸ್ಕ್ ಎಷ್ಟು ತುಂಬಿದೆ ಎಂಬುದರ ಜೊತೆಗೆ ಸೆಕೆಂಡಿಗೆ ಎಷ್ಟು ಸಲ ಓದುತ್ತದೆ, ಬರೆಯುತ್ತದೆ ಎಂಬುದನ್ನೂ ಬರೆದಿಟ್ಟುಕೊಳ್ಳಿ, ಏಕೆಂದರೆ ವರ್ಚುವಲೈಸೇಷನ್ ಆದ ಮೇಲೆ ‘ಸಿಸ್ಟಂ ನಿಧಾನವಾಗಿದೆ’ ಎಂಬ ದೂರು ಬಂದಾಗ ಕಾರಣ ಪ್ರೊಸೆಸರ್ ಆಗಿರುವುದು ಕಡಿಮೆ, ಡಿಸ್ಕ್ ಆಗಿರುವುದೇ ಹೆಚ್ಚು.

ಅಳತೆ ಕೈಗೆ ಬಂದ ಮೇಲೆ ಗಾತ್ರದ ಲೆಕ್ಕ. ಎಂಟೂ ಸರ್ವರ್‌ಗಳ ಗರಿಷ್ಠ ಮೆಮೊರಿ ಬಳಕೆ ಕೂಡಿಸಿದಾಗ 110 ಜಿಬಿ ಬಂತೆಂದು ಇಟ್ಟುಕೊಳ್ಳೋಣ. ಮುಂದಿನ ನಾಲ್ಕು ವರ್ಷದ ಬೆಳವಣಿಗೆಗೆ ಶೇ. 40ರಷ್ಟು ಸೇರಿಸಿದರೆ 154 ಜಿಬಿ, ಹೈಪರ್‌ವೈಸರ್‌ಗೆ ಇನ್ನಷ್ಟು. ಅಂದರೆ ಪ್ರತಿ ಹೋಸ್ಟ್‌ಗೆ 192 ಜಿಬಿ ಹಾಕಿಸಬೇಕು. ಇಲ್ಲಿ ‘ಪ್ರತಿ’ ಎಂಬುದನ್ನು ಗಮನಿಸಿ: ಒಂದು ಹೋಸ್ಟ್ ಕೆಟ್ಟಾಗ ಇನ್ನೊಂದು ಒಂಟಿಯಾಗಿ ಪೂರ್ತಿ ಭಾರ ಹೊರಬೇಕು. ಪ್ರೊಸೆಸರ್ ಕೋರ್‌ಗಳನ್ನು ವರ್ಚುವಲ್ ಮಷೀನ್‌ಗಳ ನಡುವೆ ಹಂಚುವಾಗ ಒಂದಕ್ಕೆ ಮೂರು, ನಾಲ್ಕರಂತೆ ಹೆಚ್ಚು ಕೊಟ್ಟರೂ ಕಚೇರಿ ಕೆಲಸಕ್ಕೆ ತೊಂದರೆಯಿಲ್ಲ; ಮೆಮೊರಿಯನ್ನು ಮಾತ್ರ ಇರುವುದಕ್ಕಿಂತ ಹೆಚ್ಚು ಹಂಚಲೇಬಾರದು. ಒಂದು ಡಿಸ್ಕ್ ಕೆಟ್ಟರೂ ದತ್ತಾಂಶ ಉಳಿಯುವಂತೆ ಹಲವು ಡಿಸ್ಕ್‌ಗಳನ್ನು ಜೋಡಿಸುವ ವಿಧಾನಕ್ಕೆ ರೇಡ್ ಎನ್ನುತ್ತಾರೆ; ಡೇಟಾಬೇಸ್ ಇರುವ ಡಿಸ್ಕ್‌ಗಳಿಗೆ ರೇಡ್ 5ಕ್ಕಿಂತ ರೇಡ್ 10 ಮೇಲು. ಸಾಮಾನ್ಯ ಲ್ಯಾಪ್‌ಟಾಪ್ ಎಸ್‌ಎಸ್‌ಡಿಗಳನ್ನು ಹಾಕಿ ಹಣ ಉಳಿಸುವ ಯೋಚನೆ ಬೇಡ. ಕರೆಂಟು ಹೋದ ಕ್ಷಣದಲ್ಲಿ ಬರೆಯುತ್ತಿದ್ದ ದತ್ತಾಂಶವನ್ನು ಕಾಪಾಡುವ ವ್ಯವಸ್ಥೆಯಿರುವ ಎಂಟರ್‌ಪ್ರೈಸ್ ದರ್ಜೆಯವೇ ಬೇಕು.

ಎರಡು ಹೋಸ್ಟ್‌ಗಳಿಗೂ ಸೇರಿ ಒಂದು ದುಬಾರಿ ಸ್ಟೋರೇಜ್ ಪೆಟ್ಟಿಗೆ ಕೊಳ್ಳಿರೆಂದು ಮಾರಾಟಗಾರರು ಹೇಳುವುದುಂಟು. ಈ ಗಾತ್ರದ ಕಂಪನಿಗೆ ನಾನು ಅದನ್ನು ಸೂಚಿಸುವುದಿಲ್ಲ, ಏಕೆಂದರೆ ಒಂದೇ ಪೆಟ್ಟಿಗೆಯನ್ನು ನೆಚ್ಚಿಕೊಂಡರೆ ಎರಡು ಹೋಸ್ಟ್ ಇಟ್ಟುಕೊಂಡ ಉದ್ದೇಶವೇ ಅರ್ಧ ಕೆಡುತ್ತದೆ. ಪ್ರತಿ ಹೋಸ್ಟ್‌ನಲ್ಲೂ ಅದರದೇ ಡಿಸ್ಕ್‌ಗಳಿರಲಿ, ಒಂದರಿಂದ ಇನ್ನೊಂದಕ್ಕೆ ರೆಪ್ಲಿಕೇಷನ್, ಅಂದರೆ ಮಷೀನ್‌ಗಳ ಪ್ರತಿಯನ್ನು ಆಗಾಗ ಕಳಿಸುವ ಕೆಲಸ, ನಡೆಯಲಿ. ಮೈಕ್ರೋಸಾಫ್ಟ್‌ನ ಹೈಪರ್‌ವೈಸರ್ ಆದ ಹೈಪರ್-ವಿಯಲ್ಲಿ ಇದನ್ನು 30 ಸೆಕೆಂಡು, 5 ನಿಮಿಷ ಅಥವಾ 15 ನಿಮಿಷಕ್ಕೊಮ್ಮೆ ನಡೆಸಬಹುದು. ಲಿನಕ್ಸ್ ಆಧಾರಿತ ಪ್ರಾಕ್ಸ್‌ಮಾಕ್ಸ್‌ನಲ್ಲಿ ಅದೇ ಕೆಲಸ ಝಡ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆಯ ಮೂಲಕ ಆಗುತ್ತದೆ. ಹೋಸ್ಟ್ ಹಠಾತ್ತನೆ ಸತ್ತರೆ ಕೊನೆಯ ಕೆಲವು ನಿಮಿಷಗಳ ನಮೂದುಗಳು ಕಳೆಯಬಹುದೆಂಬುದನ್ನು ಲೆಕ್ಕಪತ್ರ ವಿಭಾಗಕ್ಕೂ ಉತ್ಪಾದನಾ ವಿಭಾಗಕ್ಕೂ ಮೊದಲೇ ತಿಳಿಸಿ, ಒಪ್ಪಿಗೆಯನ್ನು ಬರಹದಲ್ಲಿ ಪಡೆಯಬೇಕು. ಒಂದು ನಿಂತಾಗ ಇನ್ನೊಂದು ತಾನಾಗಿ ಕೆಲಸ ವಹಿಸಿಕೊಳ್ಳುವಂತೆ ಎರಡು ಹೋಸ್ಟ್‌ಗಳನ್ನು ಕ್ಲಸ್ಟರ್ ಮಾಡುವುದಾದರೆ ಮೂರನೆಯ ಮತವೊಂದು ಬೇಕು. ಇಲ್ಲವಾದರೆ ನಡುವಿನ ಕೇಬಲ್ ಕಿತ್ತಾಗ ಯಾರು ಜೀವಂತ ಎಂಬುದು ಇಬ್ಬರಿಗೂ ತಿಳಿಯುವುದಿಲ್ಲ. ಅದಕ್ಕೆ ಬೇರೆ ಕಡೆ ಇಟ್ಟ ಒಂದು ಸಣ್ಣ ಯಂತ್ರ ಸಾಕು.

ಹೈಪರ್‌ವೈಸರ್ ಯಾವುದು? 2023ರ ನವೆಂಬರ್‌ನಲ್ಲಿ ಬ್ರಾಡ್‌ಕಾಮ್ ಕಂಪನಿಯು ಹೈಪರ್‌ವೈಸರ್ ತಯಾರಕ ವಿಎಂವೇರ್ ಅನ್ನು ಕೊಂಡಿತು. ಅದೇ ಡಿಸೆಂಬರ್‌ನಲ್ಲಿ ಒಮ್ಮೆ ಕೊಂಡು ಸದಾ ಬಳಸುವ ಲೈಸೆನ್ಸ್‌ಗಳ ಮಾರಾಟ ನಿಂತಿತು. ಈಗ ಕೋರ್ ಲೆಕ್ಕದ ಚಂದಾ ಮಾತ್ರ, ಅದೂ ಪ್ರತಿ ಪ್ರೊಸೆಸರ್‌ಗೆ ಕನಿಷ್ಠ 16 ಕೋರ್‌ಗಳಂತೆ. ತಂತ್ರಾಂಶ ಒಳ್ಳೆಯದೇ, ಆದರೆ ಸಣ್ಣ ಸಂಸ್ಥೆಗೆ ಈ ಚಂದಾ ಭಾರ. ವಿಂಡೋಸ್ ಸರ್ವರ್ ಲೈಸೆನ್ಸ್ ಹೇಗೂ ಇದ್ದು, ಸಿಬ್ಬಂದಿಗೂ ವಿಂಡೋಸ್ ಗೊತ್ತಿದ್ದರೆ ಹೈಪರ್-ವಿ ಸಹಜ ಆಯ್ಕೆ. ಲಿನಕ್ಸ್ ಬಲ್ಲವರೊಬ್ಬರು ಖಾಯಂ ಆಗಿ ಇದ್ದರೆ, 2007ರಲ್ಲಿ ಲಿನಕ್ಸ್ ಕರ್ನಲ್‌ನ ಭಾಗವಾದ ಕೆವಿಎಂ ಎಂಬ ಹೈಪರ್‌ವೈಸರ್ ಮೇಲೆ ನಿಂತಿರುವ ಪ್ರಾಕ್ಸ್‌ಮಾಕ್ಸ್ ಉತ್ತಮ. ಉಚಿತವಾಗಿ ಬಳಸಬಹುದಾದರೂ ಬೆಂಬಲದ ಚಂದಾ ಕೊಳ್ಳುವುದು ಕ್ಷೇಮ. ಬಲ್ಲವರು ಇಲ್ಲದ ಕಡೆ ಉಚಿತ ಎಂಬ ಒಂದೇ ಕಾರಣಕ್ಕೆ ಅದನ್ನು ಹಾಕಿಕೊಳ್ಳಬೇಡಿ.

ಲೈಸೆನ್ಸ್ ವಿಷಯದಲ್ಲಿ ಬಜೆಟ್ ತಪ್ಪುವುದು ಹೆಚ್ಚು. ವಿಂಡೋಸ್ ಸರ್ವರ್ ಸ್ಟ್ಯಾಂಡರ್ಡ್‌ನಲ್ಲಿ ಹೋಸ್ಟ್‌ನ ಎಲ್ಲ ಕೋರ್‌ಗಳಿಗೂ ಒಮ್ಮೆ ಲೈಸೆನ್ಸ್ ಕೊಂಡರೆ ಎರಡು ವಿಂಡೋಸ್ ವರ್ಚುವಲ್ ಮಷೀನ್‌ಗಳನ್ನು ನಡೆಸುವ ಹಕ್ಕು ಸಿಗುತ್ತದೆ. ಆರು ಮಷೀನ್ ಇದ್ದರೆ ಮೂರು ಸಲ ಕೊಳ್ಳಬೇಕು. ಆರೂ ಎರಡನೆಯ ಹೋಸ್ಟ್‌ಗೆ ಹೋಗುವ ಸಂದರ್ಭ ಬರಬಹುದಾದ್ದರಿಂದ ಅಲ್ಲಿಗೂ ಮೂರು. ಮಷೀನ್‌ಗಳ ಸಂಖ್ಯೆ ಹತ್ತು ಹನ್ನೆರಡು ದಾಟುವ ಸೂಚನೆಯಿದ್ದರೆ ಮಿತಿಯಿಲ್ಲದ ಡೇಟಾಸೆಂಟರ್ ಆವೃತ್ತಿಯ ದರವನ್ನೂ ತರಿಸಿ ಹೋಲಿಸಿ. ಟ್ಯಾಲಿಯ ಲೈಸೆನ್ಸ್ ಯಂತ್ರಕ್ಕೆ ಅಂಟಿಕೊಂಡಿರುತ್ತದೆ. ಹಳೆಯದರಲ್ಲಿ ಸರೆಂಡರ್ ಮಾಡಿ, ಹೊಸದರಲ್ಲಿ ಮತ್ತೆ ಸಕ್ರಿಯಗೊಳಿಸಬೇಕು. ಲೈಸೆನ್ಸ್ ಕೀಲಿಯಾಗಿ ಯುಎಸ್‌ಬಿ ಡಾಂಗಲ್ ಬೇಡುವ ವಿನ್ಯಾಸ ತಂತ್ರಾಂಶಗಳಿದ್ದರೆ ಅವುಗಳನ್ನು ಕೊನೆಗೆ ಬಿಡಿ, ಅಥವಾ ಹಳೆಯ ಯಂತ್ರದಲ್ಲೇ ಉಳಿಸಿ.

ಸ್ಥಳಾಂತರವನ್ನು ಹಾಜರಾತಿ ತಂತ್ರಾಂಶದಂತಹ ಕಡಿಮೆ ಅಪಾಯದ ಸರ್ವರಿನಿಂದ ಆರಂಭಿಸಿ, ಡೇಟಾಬೇಸನ್ನು ಕೊನೆಗೆ ಮುಟ್ಟಬೇಕು. ಆಪರೇಟಿಂಗ್ ಸಿಸ್ಟಂ ಹಳೆಯದಾಗಿದ್ದರೆ ಇದ್ದ ಹಾಗೇ ಎತ್ತಿಕೊಂಡು ಹೋಗುವುದಕ್ಕಿಂತ ಹೊಸ ಮಷೀನ್‌ನಲ್ಲಿ ಹೊಸದಾಗಿ ಸ್ಥಾಪಿಸಿ ದತ್ತಾಂಶವನ್ನಷ್ಟೇ ಸಾಗಿಸುವುದು ಒಳ್ಳೆಯದು. ಡೊಮೇನ್ ಕಂಟ್ರೋಲರನ್ನಂತೂ ನಕಲು ಮಾಡಿ ಸಾಗಿಸಬಾರದು. ಹೊಸದೊಂದನ್ನು ಎಬ್ಬಿಸಿ, ಹಳೆಯದರ ಹೊಣೆಗಳನ್ನು (ರೋಲ್‌ಗಳನ್ನು) ಅದಕ್ಕೆ ವರ್ಗಾಯಿಸಿ, ಹಳೆಯದನ್ನು ಕ್ರಮವಾಗಿ ಕೆಳಗಿಳಿಸಬೇಕು.

ಇದ್ದ ವಿಂಡೋಸ್ ಸರ್ವರನ್ನೇ ಕೆವಿಎಂ ಮೇಲೆ ಸಾಗಿಸಲೇಬೇಕಾದಾಗ ಡಿಸ್ಕ್2ವಿಎಚ್‌ಡಿ ಮೂಲಕ ಡಿಸ್ಕ್‌ನ ಪ್ರತಿ ತೆಗೆಯಬಹುದು. ಅದನ್ನು ನೇರವಾಗಿ ವೇಗದ ವರ್ಟ್‌ಐಒ ಡಿಸ್ಕ್ (ವರ್ಚುವಲ್ ಮಷೀನ್‌ಗೆಂದೇ ರೂಪಿಸಿದ, ತನ್ನದೇ ಡ್ರೈವರ್ ಬೇಡುವ ಬಗೆ) ಆಗಿ ಜೋಡಿಸಿದರೆ ಆ ಡ್ರೈವರ್ ಇಲ್ಲದ ವಿಂಡೋಸ್ ನೀಲಿ ಪರದೆ ತೋರಿಸಿ ನಿಲ್ಲುತ್ತದೆ. ಬದಲಿಗೆ ಮೊದಲು ವಿಂಡೋಸ್‌ಗೆ ಗೊತ್ತಿರುವ ಸಾಟಾ ಡಿಸ್ಕ್ ಆಗಿ ಜೋಡಿಸಿ ಬೂಟ್ ಮಾಡಿ. ಜೊತೆಗೆ ಒಂದು ಜಿಬಿಯ ಖಾಲಿ ವರ್ಟ್‌ಐಒ ಡಿಸ್ಕನ್ನು ಸೇರಿಸಿ, ಡ್ರೈವರ್ ಸ್ಥಾಪಿಸಿ, ಆ ಖಾಲಿ ಡಿಸ್ಕ್ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಕಾಣುವುದನ್ನು ಖಚಿತಪಡಿಸಿಕೊಳ್ಳಿ. ಬಳಿಕ ಮಷೀನನ್ನು ನಿಲ್ಲಿಸಿ, ಮುಖ್ಯ ಡಿಸ್ಕನ್ನು ವರ್ಟ್‌ಐಒಗೆ ಬದಲಿಸಿ, ಬೂಟ್ ಕ್ರಮದಲ್ಲಿ ಅದನ್ನೇ ಮೊದಲಿಡಿ. ಹಳೆಯ ಐಪಿ ವಿಳಾಸ ಕೊಡಲು ಹೋದಾಗ ಅದು ಬೇರೆ ಅಡಾಪ್ಟರ್‌ಗೆ ಸೇರಿದೆ ಎಂದು ವಿಂಡೋಸ್ ಎಚ್ಚರಿಸಿದರೆ, ಡಿವೈಸ್ ಮ್ಯಾನೇಜರ್‌ನಲ್ಲಿ ಅಡಗಿದ ಸಾಧನಗಳನ್ನು ತೋರಿಸುವಂತೆ ಮಾಡಿ, ಈಗ ಇಲ್ಲದ ಆ ಹಳೆಯ ಕಾರ್ಡನ್ನು ತೆಗೆದುಹಾಕಬೇಕು. ಭಾನುವಾರ ರಾತ್ರಿ ಈ ಕೆಲಸಕ್ಕೆ ಕೂತವರು ಇದನ್ನು ಮೊದಲೇ ಒಮ್ಮೆ ಪರೀಕ್ಷಾರ್ಥವಾಗಿ ಮಾಡಿ ನೋಡಿರುವುದು ಅತ್ಯಗತ್ಯ.

ಮಷೀನಿನ ಒಂದು ಕ್ಷಣದ ಸ್ಥಿತಿಯನ್ನು ಹಿಡಿದಿಡುವ ಸ್ನ್ಯಾಪ್‌ಶಾಟ್ ಬ್ಯಾಕಪ್ ಅಲ್ಲ. ಅದು ಅದೇ ಡಿಸ್ಕ್‌ನ ಮೇಲೆಯೇ ಇರುತ್ತದೆ, ಮರೆತುಬಿಟ್ಟರೆ ಬೆಳೆಯುತ್ತ ಹೋಗಿ ಜಾಗವನ್ನೆಲ್ಲ ನುಂಗುತ್ತದೆ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಸ್ಥಳದಲ್ಲಿ ಎಂಬ ನಿಯಮವನ್ನು ಪಾಲಿಸಿ. ಅವುಗಳಲ್ಲಿ ಒಂದು ಪ್ರತಿ ನೆಟ್‌ವರ್ಕ್‌ನಿಂದ ಯಾರೂ ಅಳಿಸಲಾಗದಂತಿರಲಿ. 2023ರ ಫೆಬ್ರವರಿಯಲ್ಲಿ ನಡೆದ, ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ಇಎಸ್‌ಎಕ್ಸ್‌ಐಆರ್ಗ್ಸ್ ದಾಳಿ ವಿಎಂವೇರ್‌ನ ಹೈಪರ್‌ವೈಸರನ್ನೇ ಗುರಿಯಾಗಿಸಿತ್ತು. ಎರಡು ವರ್ಷ ಹಿಂದೆಯೇ ತಿದ್ದುಪಡಿ ಬಂದಿದ್ದ ದೋಷವನ್ನು ಸರಿಪಡಿಸದೆ, ಇಂಟರ್‌ನೆಟ್‌ಗೆ ತೆರೆದಿಟ್ಟಿದ್ದ ಹೋಸ್ಟ್‌ಗಳು ಅದಕ್ಕೆ ಬಲಿಯಾದವು. ಹೋಸ್ಟ್‌ನ ನಿರ್ವಹಣಾ ಪುಟವನ್ನು ಪ್ರತ್ಯೇಕ ವಿಎಲ್ಯಾನ್‌ನಲ್ಲಿ (ನೆಟ್‌ವರ್ಕ್‌ನ ಬೇರ್ಪಡಿಸಿದ ಭಾಗದಲ್ಲಿ) ಇಟ್ಟು, ಐಟಿ ವಿಭಾಗದ ಒಂದೆರಡು ಕಂಪ್ಯೂಟರ್‌ಗಳಿಗೆ ಮಾತ್ರ ಪ್ರವೇಶ ಕೊಡಿ. ಭಾರತದ ಕಾನೂನೂ ಇಲ್ಲಿ ಸಂಬಂಧಿಸುತ್ತದೆ: ಲೆಕ್ಕಪುಸ್ತಕಗಳ ಬ್ಯಾಕಪ್ ಪ್ರತಿದಿನ ದೇಶದೊಳಗಿನ ಸರ್ವರ್‌ನಲ್ಲಿ ಇರಬೇಕೆಂದು 2022ರಲ್ಲಿ ತಿದ್ದುಪಡಿಯಾದ ಕಂಪನಿ ಲೆಕ್ಕಪತ್ರ ನಿಯಮಗಳು ಹೇಳುತ್ತವೆ, ಅದೇ ವರ್ಷದ ಏಪ್ರಿಲ್ 28ರಂದು ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನ ಲಾಗ್‌ಗಳನ್ನು 180 ದಿನ ಉಳಿಸಿಕೊಳ್ಳಲು, ಗಡಿಯಾರವನ್ನು ಎನ್‌ಐಸಿ (ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ) ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯಕ್ಕೆ ಹೊಂದಿಸಲು ಸೂಚಿಸುತ್ತದೆ. ಹೋಸ್ಟ್ ತನ್ನ ಮೇಲೆಯೇ ಓಡುವ ಡೊಮೇನ್ ಕಂಟ್ರೋಲರ್‌ನಿಂದ ಸಮಯ ಪಡೆಯದಂತೆ ನೋಡಿಕೊಳ್ಳಿ.

ಯುಪಿಎಸ್ ಬ್ಯಾಟರಿ ಮುಗಿಯುವ ಮೊದಲೇ ಮಷೀನ್‌ಗಳು ತಾವಾಗಿ ಕ್ರಮವಾಗಿ ಮುಚ್ಚಿಕೊಳ್ಳುವ ಏರ್ಪಾಡು ಇರಬೇಕು. ಕರೆಂಟು ಮರಳಿದಾಗ ಮೊದಲು ಡೊಮೇನ್ ಕಂಟ್ರೋಲರ್, ಎರಡು ಮೂರು ನಿಮಿಷದ ನಂತರ ಡೇಟಾಬೇಸ್, ಆಮೇಲೆ ಇಆರ್‌ಪಿ ಏಳುವಂತೆ ಹೊಂದಿಸಿ. ಹೋಸ್ಟ್‌ನ ಸ್ಥಳೀಯ ಪಾಸ್‌ವರ್ಡನ್ನು ಮುಚ್ಚಿದ ಲಕೋಟೆಯಲ್ಲಿ ತಿಜೋರಿಯಲ್ಲಿಡಿ, ಏಕೆಂದರೆ ಡೊಮೇನ್ ಏಳದ ದಿನ ಡೊಮೇನ್ ಖಾತೆಯಿಂದ ಹೋಸ್ಟ್‌ಗೆ ಲಾಗಿನ್ ಆಗಲು ಸಾಧ್ಯವಿಲ್ಲ.

ಸ್ಥಳಾಂತರವಾದ ಸರ್ವರಿನ ಹಳೆಯ ಯಂತ್ರವನ್ನು ನೆಟ್‌ವರ್ಕ್‌ನಿಂದ ಬಿಡಿಸಿ, ಒಂದು ಪೂರ್ಣ ತಿಂಗಳ ಲೆಕ್ಕ ಮುಕ್ತಾಯ ಹೊಸ ವ್ಯವಸ್ಥೆಯಲ್ಲಿ ಸುಸೂತ್ರವಾಗಿ ನಡೆಯುವವರೆಗೆ ಹಾಗೆಯೇ ಇಟ್ಟುಕೊಳ್ಳಿ. ಆ ನಂತರ ಅದರ ಡಿಸ್ಕ್‌ಗಳನ್ನು ಪೂರ್ತಿ ಅಳಿಸಿ, ಯಂತ್ರವನ್ನು ಅಧಿಕೃತ ಇ-ತ್ಯಾಜ್ಯ ಮರುಬಳಕೆದಾರರಿಗೆ ಒಪ್ಪಿಸಿ, ರಸೀದಿಯನ್ನು ಆಸ್ತಿ ದಾಖಲೆಯ ಕಡತಕ್ಕೆ ಸೇರಿಸಿ.