ಸ್ಕೇಟ್‌ಬೋರ್ಡಿನ ಬುಶ್ ಬೇಗ ಹರಿಯದ ಹಾಗೆ ನಾನು ಮಾಡಿಕೊಂಡ ಕೆಲಸ

ಸ್ಕೇಟ್‌ಬೋರ್ಡಿನ ಬುಶ್ ಹರಿದರೆ ಎಲ್ಲರೂ ಬೈಯುವುದು ಬುಶ್ಶನ್ನೇ. ಮಾಲು ಸರಿಯಿಲ್ಲ, ಇನ್ನೂ ಗಟ್ಟಿಯದ್ದು ತರಿಸಬೇಕು, ಹೊಸ ಸೆಟ್ ಹಾಕಬೇಕು ಅಂತ. ನನ್ನ ಅನುಭವದಲ್ಲಿ ಬುಶ್ ತಾನಾಗಿ ಹಾಳಾಗುವುದು ಕಡಿಮೆ, ಸುತ್ತಲಿನ ಲೋಹ ಅದನ್ನು ಕೊಯ್ಯುವುದೇ ಜಾಸ್ತಿ. ಹ್ಯಾಂಗರಿನ ಅಂಚು, ವಾಶರಿನ ಬಾಯಿ, ಕಿಂಗ್‌ಪಿನ್ನಿನ ತ್ರೆಡ್ಡು. ಈ ಮೂರನ್ನು ನುಣ್ಣಗೆ ಮಾಡದೆ ಎಷ್ಟು ದುಬಾರಿ ಬುಶ್ ಹಾಕಿದರೂ ಅದು ಅದೇ ಜಾಗದಲ್ಲಿ ಅದೇ ತರಹ ಹರಿಯುತ್ತದೆ. ಹಾಗಾಗಿ ನಾನು ಬುಶ್ಶಿಗಿಂತ ಮೊದಲು ಲೋಹಕ್ಕೆ ಕೈ ಹಾಕುತ್ತೇನೆ.

ಗೊತ್ತಿಲ್ಲದವರಿಗೆ ಒಂದು ಮಾತು. ಹಲಗೆಯ ಅಡಿಯಲ್ಲಿ ಚಕ್ರ ಹಿಡಿದುಕೊಂಡಿರುವ ಭಾಗವೇ ಟ್ರಕ್. ಹಲಗೆಗೆ ಬೋಲ್ಟ್ ಹಾಕಿರುವುದು ಬೇಸ್‌ಪ್ಲೇಟ್, ಆಕ್ಸಲ್ ಇರುವ ತುಂಡು ಹ್ಯಾಂಗರ್, ಎರಡನ್ನೂ ಸೇರಿಸುವ ದಪ್ಪ ಬೋಲ್ಟು ಕಿಂಗ್‌ಪಿನ್. ಆ ಬೋಲ್ಟಿಗೆ ಪೋಣಿಸಿದ ಎರಡು ಯೂರಿಥೇನ್ ತುಂಡುಗಳು ಬುಶ್, ಹ್ಯಾಂಗರಿನ ಉಂಗುರದ ಮೇಲೊಂದು, ಕೆಳಗೊಂದು. ಒಂದು ಬದಿಗೆ ವಾಲಿದರೆ ಆ ಬದಿಯಲ್ಲಿ ಬುಶ್ ಅಮುಕಿಕೊಳ್ಳುತ್ತದೆ, ಟ್ರಕ್ ತಿರುಗುತ್ತದೆ, ಭಾರ ತೆಗೆದರೆ ಬುಶ್ಶೇ ಅದನ್ನು ನೆಟ್ಟಗೆ ಮಾಡುತ್ತದೆ. 1863ರಲ್ಲಿ ಅಮೆರಿಕದ ಜೇಮ್ಸ್ ಪ್ಲಿಂಪ್ಟನ್ ರೋಲರ್ ಸ್ಕೇಟಿನ ಚಕ್ರಗಳಿಗೂ ತಟ್ಟೆಗೂ ನಡುವೆ ರಬ್ಬರ್ ಮೆತ್ತೆ ಇಟ್ಟು, ವಾಲಿದ ಕಡೆಗೆ ತಿರುಗುವ ಸ್ಕೇಟ್ ಮಾಡಿದ. ನಮ್ಮ ಟ್ರಕ್ ಇವತ್ತಿಗೂ ಅದೇ ಉಪಾಯದ ಮೇಲೆ ನಡೆಯುತ್ತದೆ, ರಬ್ಬರಿನ ಜಾಗಕ್ಕೆ ಯೂರಿಥೇನ್ ಬಂದಿದೆ ಅಷ್ಟೆ.

ಮಂಗಳೂರಿನಲ್ಲಿ ಈ ಬುಶ್ಶಿಗೆ ಕೆಲಸ ಸ್ವಲ್ಪ ಜಾಸ್ತಿಯೇ. ಊರೊಳಗೆ ಹೆಚ್ಚಾಗಿ ಕಾಂಕ್ರೀಟ್ ರಸ್ತೆ, ಓಡಿಸಲು ಸುಖ, ಆದರೆ ಸ್ಲ್ಯಾಬಿನಿಂದ ಸ್ಲ್ಯಾಬಿಗೆ ಸಂದು ಉಂಟಲ್ಲ, ಪ್ರತಿ ಸಂದಿಗೂ ಹ್ಯಾಂಗರ್ ತಿಂದ ಏಟು ಹೋಗುವುದು ಬುಶ್ಶಿಗೆ. ಕದ್ರಿ, ಬಿಜೈ ಕಡೆ ಇಳಿಜಾರು. ವೇಗ ತಡೆಯಲು ಎಡಕ್ಕೆ ಬಲಕ್ಕೆ ತಿರುಗಿಸುತ್ತಾ ಇಳಿಯುವಾಗ ಬುಶ್ ಒಂದು ಕ್ಷಣ ಸುಮ್ಮನಿರುವುದಿಲ್ಲ. ಪಣಂಬೂರು, ತಣ್ಣೀರುಬಾವಿಗೆ ಬೋರ್ಡ್ ತೆಗೆದುಕೊಂಡು ಹೋದರೆ ಮರಳು. ಸಣ್ಣ ಮರಳು ಬುಶ್ಶಿಗೂ ಹ್ಯಾಂಗರಿಗೂ ನಡುವೆ ಹೊಕ್ಕರೆ ಎಮರಿ ಪೇಪರ್ ಇಟ್ಟು ಉಜ್ಜಿದ್ದಕ್ಕೂ ಅದಕ್ಕೂ ವ್ಯತ್ಯಾಸ ಇಲ್ಲ.

ಮೊದಲು ಬಿಚ್ಚಿ ನೋಡಬೇಕು. ಕಿಂಗ್‌ಪಿನ್ನಿನ ನಟ್ಟಿಗೆ 9/16 ಇಂಚಿನ ಸ್ಪ್ಯಾನರ್ ಬೇಕು. 14 ಮಿ.ಮೀ. ಸ್ಪ್ಯಾನರ್ ಕೂರುವುದಿಲ್ಲ, 15ರದ್ದು ಸಡಿಲ, ನಟ್ಟಿನ ಮೂಲೆ ತಿಂದು ಬಿಡುತ್ತದೆ. ಇಂಚಿನ ಸ್ಪ್ಯಾನರ್ ಬಂದರಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ಹುಡುಕಬಹುದು. ಬಿಚ್ಚುವಾಗಲೇ ಮಾರ್ಕರ್ ಪೆನ್ನಿನಲ್ಲಿ ಮುಂದಿನದ್ದು ಯಾವುದು, ಹಿಂದಿನದ್ದು ಯಾವುದು, ಯಾವ ಬದಿ ಕಾಲ್ಬೆರಳಿನ ಕಡೆ ಇತ್ತು ಅಂತ ಬುಶ್ಶಿನ ಮೇಲೆ ಗುರುತು ಹಾಕಿ. ಇದು ತುಂಬಾ ಮುಖ್ಯ, ಯಾಕೆಂದರೆ ಸವೆತ ಎಲ್ಲಿದೆ ಅನ್ನುವುದೇ ಯಾವ ಲೋಹ ಕಚ್ಚುತ್ತಿದೆ ಅಂತ ಹೇಳುವುದು.

ಬುಶ್ಶಿನ ತಲೆಯ ಮೇಲೆ ದುಂಡಗೆ ಗೆರೆ ಬಿದ್ದು, ಆ ಗೆರೆಯಿಂದ ಹೊರಗಿನದು ಪದರದ ಹಾಗೆ ಎದ್ದಿದ್ದರೆ ಅದು ಬಟ್ಟಲಿನ ಆಕಾರದ ವಾಶರಿನ ಬಾಯಿ ಮಾಡಿದ್ದು. ಹ್ಯಾಂಗರಿನೊಳಗೆ ಕೂರುವ ತುದಿಯಲ್ಲಿ, ಅದೂ ಒಂದೇ ಬದಿಯಲ್ಲಿ, ಕೊಯ್ದ ಗುರುತು ಇದ್ದರೆ ಹ್ಯಾಂಗರಿನ ಅಂಚು. ತೂತಿನೊಳಗೆ ಗೆರೆ ಗೆರೆಯಾಗಿ ಸವೆದು ಹಿಟ್ಟು ಉದುರುತ್ತಿದ್ದರೆ ಕಿಂಗ್‌ಪಿನ್ನಿನ ತ್ರೆಡ್ಡು. ಇದ್ಯಾವುದೂ ಅಲ್ಲ, ಸುತ್ತಲೂ ಉಬ್ಬಿ ಸಣ್ಣ ಸಣ್ಣ ಬಿರುಕು ಬಂದಿದೆ ಅಂದರೆ ನಟ್ಟನ್ನು ಅತಿಯಾಗಿ ಬಿಗಿದಿದ್ದಾರೆ ಅಂತಲೇ. ನಾನು ನೋಡಿದ ಬೋರ್ಡುಗಳಲ್ಲಿ ಹ್ಯಾಂಗರಿನ ಅಂಚಿನದ್ದೇ ದೊಡ್ಡ ಪಾಲು. ಹ್ಯಾಂಗರ್ ಸಾಮಾನ್ಯವಾಗಿ ಎರಕದ ಅಲ್ಯೂಮಿನಿಯಂ. ಬುಶ್ ಕೂರುವ ಗುಂಡಿಯ ಸುತ್ತ ಎರಕದ ಚೂಪು ಹಾಗೆಯೇ ಉಳಿದಿರುತ್ತದೆ. ಬೆರಳು ಆಡಿಸಿದರೆ ಗೊತ್ತಾಗುತ್ತದೆ, ಮೆಟ್ಟುಕತ್ತಿಯ ಅಲಗಿನ ಹಾಗೆ ಸಿಗುತ್ತದೆ.

ಈ ಅಂಚನ್ನು ಅರ್ಧ ದುಂಡಗಿನ ಸಣ್ಣ ಅರದಲ್ಲಿ ಒಳಗಿನಿಂದ ಹೊರಕ್ಕೆ ನಿಧಾನ ಉಜ್ಜುತ್ತಾ ಹೋಗುತ್ತೇನೆ. ಅರ್ಧ ಮಿ.ಮೀ.ನಿಂದ ಹೆಚ್ಚೆಂದರೆ ಒಂದು ಮಿ.ಮೀ.ವರೆಗೆ ಅಂಚು ದುಂಡಗಾದರೆ ಸಾಕು. ಗುಂಡಿಯ ತಳವನ್ನಾಗಲಿ ಗೋಡೆಯನ್ನಾಗಲಿ ಮುಟ್ಟಬಾರದು, ಗುಂಡಿ ದೊಡ್ಡದಾದರೆ ಬುಶ್ ಒಳಗೆ ಅಲ್ಲಾಡುತ್ತದೆ, ಆಮೇಲೆ ಸವೆತ ಇನ್ನೂ ಜಾಸ್ತಿ. ಅರ ಆದ ಮೇಲೆ 220ರ ಎಮರಿ ಪೇಪರ್, ಆಮೇಲೆ 400, ಕೊನೆಗೆ 600ರದ್ದು ನೀರು ಹಾಕಿ. ಉಗುರು ಎಲ್ಲೂ ಸಿಕ್ಕಿಕೊಳ್ಳಬಾರದು, ಅಲ್ಲಿವರೆಗೆ ಬಿಡಬೇಡಿ. ಡ್ರಿಲ್ ಮೆಷಿನಿಗೆ ಕಲ್ಲು ಹಾಕಿ ಬೇಗ ಮುಗಿಸುವವರಿದ್ದಾರೆ, ನನಗೆ ಅದು ಹಿಡಿಸುವುದಿಲ್ಲ, ಅಲ್ಯೂಮಿನಿಯಂ ಮೆದು, ಕೈ ಸ್ವಲ್ಪ ಜಾರಿದರೂ ಗುಂಡಿ ಓರೆಯಾಗುತ್ತದೆ. ಮುಗಿದ ಮೇಲೆ ಸೋಪಿನ ನೀರಲ್ಲಿ ಹಳೆಯ ಹಲ್ಲುಜ್ಜುವ ಬ್ರಶ್ ಹಾಕಿ ಚೆನ್ನಾಗಿ ತಿಕ್ಕಿ ತೊಳೆದು ಒಣಗಿಸಬೇಕು. ಎಮರಿಯ ಪುಡಿ ಉಳಿದರೆ ಅದು ಯೂರಿಥೇನಿಗೆ ಅಂಟಿಕೊಂಡು ಮಾಡಿದ ಕೆಲಸವನ್ನೆಲ್ಲ ಹಾಳು ಮಾಡುತ್ತದೆ.

ಒಮ್ಮೆ ಅರ ಕೇಳಲು ಪರಿಚಯದ ಲೇತಿನವರ ಹತ್ತಿರ ಹೋದಾಗ ಅವರು ಹ್ಯಾಂಗರನ್ನು ತಿರುಗಿಸಿ ನೋಡಿ, "ಬೈಕಿಗೂ ಇದೇ ಅಲ್ವಾ ಮಾರಾಯ್ರೆ, ಅಂಚು ಹೊಡೆಯದೆ ಬುಶ್ ಹಾಕಿದರೆ ಎಷ್ಟು ದಿನ ಬಾಳುತ್ತದೆ" ಅಂದರು. ಬುಶ್ ಹಾಕುವ ಮುಂಚೆ ಅಂಚು ಹೊಡೆಯುವುದು ಅವರಿಗೆ ದಿನನಿತ್ಯದ ಕೆಲಸ. ನಮ್ಮ ಸ್ಕೇಟಿಂಗ್ ಹುಡುಗರಿಗೆ ಇದನ್ನು ಯಾರೂ ಹೇಳಿಕೊಡುವುದಿಲ್ಲ ಅನ್ನುವುದೇ ನನಗೆ ಬೇಜಾರು.

ವಾಶರಿನದ್ದು ಸುಲಭ. ಬಟ್ಟಲಿನ ಬಾಯಿಯನ್ನು ಅರದಲ್ಲಿ ದುಂಡಗೆ ಮಾಡಿ ಎಮರಿ ಹಾಕಿದರೆ ಆಯಿತು. ಚಪ್ಪಟೆ ವಾಶರ್ ಹಾಕಿದರೆ ಬುಶ್ಶಿನ ಅಂಚು ಹರಿಯುವುದಿಲ್ಲ, ಆದರೆ ಬುಶ್ ಆರಾಮವಾಗಿ ಉಬ್ಬುವುದರಿಂದ ಬೋರ್ಡ್ ಮೊದಲಿಗಿಂತ ಸಲೀಸಾಗಿ ವಾಲುತ್ತದೆ. ಕೆಲವರಿಗೆ ಅದು ಇಷ್ಟ. ಇಳಿಜಾರಿನಲ್ಲಿ ವೇಗವಾಗಿ ಹೋಗುವವರಿಗೆ ಬೇಡ, ಬಟ್ಟಲೇ ಇರಲಿ. ಎಂ10, ಅಂದರೆ 10 ಮಿ.ಮೀ. ಬೋಲ್ಟಿಗೆ ಹಾಕುವ ಚಪ್ಪಟೆ ವಾಶರಿನ ಹೊರ ಅಳತೆ 20 ಮಿ.ಮೀ., ಬುಶ್ಶಿನ ತಲೆ ಅದಕ್ಕಿಂತ ಅಗಲ ಇದ್ದರೆ ಅದನ್ನು ಹಾಕಬೇಡಿ, ಚಿಕ್ಕ ವಾಶರ್ ಒಳಗೆ ಹೂತುಕೊಳ್ಳುತ್ತದೆ.

ತ್ರೆಡ್ಡಿನ ಸವೆತಕ್ಕೆ ಬಹಳ ಜನ ಪ್ಲಂಬರ್‌ಗಳ ಟೆಫ್ಲಾನ್ ಟೇಪ್ ಸುತ್ತುತ್ತಾರೆ. ಕೆಲಸ ಮಾಡುತ್ತದೆ, ಆದರೆ ತೀರಾ ತೆಳು, ಬೇಗ ಹರಿದು ನಾರು ನಾರಾಗುತ್ತದೆ. ನಾನು ಹಾಕುವುದು ಜೆರಾಕ್ಸ್ ಅಂಗಡಿಯಲ್ಲಿ ಸಿಗುವ ಲ್ಯಾಮಿನೇಶನ್ ಹಾಳೆ. ಸಾಮಾನ್ಯ ಕಿಂಗ್‌ಪಿನ್ ಮುಕ್ಕಾಲು ಪಾಲು ಕಡೆ 3/8 ಇಂಚು, ಅಂದರೆ ಸುಮಾರು 9.5 ಮಿ.ಮೀ. ನನ್ನ ಬುಶ್ಶಿನ ತೂತು 10 ಮಿ.ಮೀ. 125 ಮೈಕ್ರಾನ್ ಹಾಳೆಯ ಒಂದೇ ಪದರವನ್ನು ಒಂದು ಸುತ್ತು ಹಾಕಿದರೆ ದಪ್ಪ ಕಾಲು ಮಿ.ಮೀ. ಹೆಚ್ಚುತ್ತದೆ, ಆದ್ದರಿಂದ ತೂತಿನೊಳಗೆ ಆರಾಮ ಕೂರುತ್ತದೆ. ಬುಶ್ಶಿನ ಎತ್ತರಕ್ಕಿಂತ ಒಂದು ಮಿ.ಮೀ. ಗಿಡ್ಡ ಕತ್ತರಿಸಿ, ನಟ್ಟಿನ ಒಳಗೆ ಮಾತ್ರ ಹೋಗಬಾರದು. ತೂತು ಬಿಗಿ ಇದ್ದರೆ ಬುಶ್ಶನ್ನು ರಾತ್ರಿ ಫ್ರೀಜರಿನಲ್ಲಿಟ್ಟು, ಗಟ್ಟಿಯಾಗಿರುವಾಗಲೇ ಪೆನ್ಸಿಲಿಗೆ ಎಮರಿ ಸುತ್ತಿ ಒಳಗೆ ಉಜ್ಜಬಹುದು. ಬೆಚ್ಚಗಿನ ಯೂರಿಥೇನ್ ಎಮರಿಗೆ ಅಂಟಿ ಎಳೆದುಕೊಳ್ಳುತ್ತದೆ, ಸರಿಯಾಗಿ ಉಜ್ಜಲು ಬರುವುದಿಲ್ಲ.

ಜಾರಲು ಏನು ಹಾಕುವುದು ಅಂತ ಎಲ್ಲರೂ ಕೇಳುತ್ತಾರೆ. ತೆಂಗಿನೆಣ್ಣೆ ಬೇಡ. ಸೋಪು ಸಹ ಬೇಡ, ನಮ್ಮ ಹವೆಯಲ್ಲಿ ಅದು ನೀರು ಎಳೆದು ಲೋಳೆಯಾಗುತ್ತದೆ. ಬುಶ್ಶಿನ ತೂತಿಗೆ ಸಿಲಿಕೋನ್ ಗ್ರೀಸ್ ಬೆರಳಿನಲ್ಲಿ ಸವರಿ, ಬಟ್ಟೆಯಲ್ಲಿ ಒರೆಸಿ, ಉಳಿದ ತೆಳು ಪದರ ಸಾಕು. ಹ್ಯಾಂಗರಿನ ಮೂಗು ಕೂರುವ ಪಿವಟ್ ಕಪ್ಪಿಗೆ ಮೇಣದಬತ್ತಿ ಕೆರೆದು ಹಾಕುತ್ತೇನೆ. ಒಣ ಮೇಣಕ್ಕೆ ಗ್ರೀಸಿನಷ್ಟು ಮರಳು ಅಂಟುವುದಿಲ್ಲ.

ಇನ್ನು ಬಿಗಿಯುವುದು. ಮೇಲಿನ ವಾಶರ್ ಬೆರಳಿನಲ್ಲಿ ತಿರುಗದಷ್ಟು ಬಿಗಿದು, ಓಡಿಸಿ ನೋಡಿ, ಬೇಕಾದರೆ ಕಾಲು ಸುತ್ತು ಕಾಲು ಸುತ್ತು ಹೆಚ್ಚಿಸುತ್ತಾ ಹೋಗಿ. ಆದರೂ ಬೋರ್ಡ್ ಅಲ್ಲಾಡುತ್ತದೆ ಅಂದರೆ ಇನ್ನೂ ಬಿಗಿಯುವುದಲ್ಲ, ಗಟ್ಟಿ ಬುಶ್ ಹಾಕುವುದು. ಬುಶ್ಶಿನ ಗಟ್ಟಿತನವನ್ನು ಸಂಖ್ಯೆಯ ಜೊತೆ 'ಎ' ಹಾಕಿ ಹೇಳುತ್ತಾರೆ: 78ಎ, 80ಎ ಮೆದು, 90ಎ ಸುಮಾರು ನಡುವಿನದ್ದು, 95ಎ ದಾಟಿದರೆ ಗಟ್ಟಿ. ಮೆದು ಬುಶ್ಶನ್ನು ಹಿಂಡಿ ಇಡುವುದಕ್ಕಿಂತ ಒಂದು ಮೆಟ್ಟಿಲು ಗಟ್ಟಿಯದ್ದನ್ನು ಸಡಿಲ ಇಟ್ಟರೆ ಅದು ಎಷ್ಟೋ ಜಾಸ್ತಿ ಬಾಳುತ್ತದೆ. ಕೆಲವೊಮ್ಮೆ ಬಿಚ್ಚಿದಾಗ ಬುಶ್ಶನ್ನು ಕಾಲು ಸುತ್ತು ತಿರುಗಿಸಿ ಹಾಕಿದರೆ ಸವೆತ ಒಂದೇ ಕಡೆ ಬೀಳುವುದಿಲ್ಲ.

ಮಳೆಗಾಲಕ್ಕೆ ಬೇರೆಯೇ ಲೆಕ್ಕ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಬೋರ್ಡ್ ಹೆಚ್ಚಾಗಿ ಮೂಲೆಯಲ್ಲೇ ಇರುತ್ತದೆ, ಆಗ ನಟ್ಟು ಬಿಗಿಯೇ ಬಿಟ್ಟರೆ ಬುಶ್ ಹಿಂಡಿದ ಆಕಾರದಲ್ಲೇ ನಿಂತುಬಿಡುತ್ತದೆ, ಸಡಿಲ ಮಾಡಿ ಇಡಿ. ಪಾಲಿಯೆಸ್ಟರ್ ಜಾತಿಯ ಯೂರಿಥೇನಿಗೆ ಶೆಖೆ, ತೇವ ಎರಡೂ ಸೇರಿದರೆ ಆಗುವುದಿಲ್ಲ, ನಿಧಾನಕ್ಕೆ ಒಳಗಿನಿಂದಲೇ ಪುಡಿಯಾಗುತ್ತದೆ. ಪಾಲಿಈಥರ್ ಜಾತಿಯದ್ದು ತೇವ ತಡೆಯುತ್ತದೆ, ತಯಾರಿಸಿದವರು ಬರೆದಿದ್ದರೆ ನೋಡಿ ತೆಗೆದುಕೊಳ್ಳಿ. ಮಳೆ ಮುಗಿದು ಮತ್ತೆ ಹತ್ತುವ ಮುಂಚೆ ನಟ್ಟು ಬಿಗಿದು, ಅದರೊಳಗಿನ ನೈಲಾನ್ ಉಂಗುರ ತ್ರೆಡ್ಡನ್ನು ಪೂರ್ತಿ ಹಿಡಿದಿದೆಯಾ ಅಂತ ನೋಡಲೇಬೇಕು.

ಬುಶ್ ಆರಪಾರ ಸೀಳಿದ್ದರೆ ಇದ್ಯಾವುದರಿಂದಲೂ ಸರಿಯಾಗುವುದಿಲ್ಲ. ಗಮ್ ಹಾಕಿದರೆ ಗಮ್ ಇದ್ದ ಕಡೆ ಗಟ್ಟಿಯಾಗಿ ಪಕ್ಕದಲ್ಲಿ ಮತ್ತೆ ಸೀಳುತ್ತದೆ. ಅದನ್ನು ಎಸೆದು ಹೊಸದು ತನ್ನಿ, ಆದರೆ ಹೊಸದನ್ನು ಪೋಣಿಸುವ ಮುಂಚೆ ಹಳೆಯದು ಎಲ್ಲಿ ಸೀಳಿತ್ತೋ ಅದರ ಎದುರಿಗಿರುವ ಲೋಹದ ಮೇಲೆ ಒಮ್ಮೆ ಬೆರಳು ಆಡಿಸಿ ನೋಡಿ.